ಪೂಜೆಗೆಂದು ಆರಿಸಿದ ಕಂಪ್ಯೂಟರು

ನಮ್ಮ ಕಡೆ ಊಟದ ಎಲೆಯ ಮುಂದೆ ಕೂತವರಿಗೆ ‘ಬೇಡ’ ಎನ್ನುವ ಹಕ್ಕು ಇರುವುದಿಲ್ಲ. ಹೋಳಿಗೆಯ ತಟ್ಟೆ ಹಿಡಿದು ಬಂದವರು “ಈಗೊಂದು ಹಾಕ್ಲಾ, ಅನ್ನ ಆದ್ಮೇಲೆ ಹಾಕ್ಲಾ?” ಎಂದು ಕೇಳುತ್ತಾರೆಯೇ ಹೊರತು “ಬೇಕಾ?” ಎಂದು ಕೇಳಿದ್ದನ್ನು ನಾನು ಕಂಡಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ತುಪ್ಪ ಬಿದ್ದೇ ಬೀಳುತ್ತದೆ. ಇದನ್ನು ಉಪಚಾರವೆಂದೇ ತಿಳಿದು ಬೆಳೆದವಳು ನಾನು. ಆದ್ದರಿಂದ ನಮ್ಮ ಮನೆಯ ಕಂಪ್ಯೂಟರು ಪರದೆಯ ಮೂಲೆಯಲ್ಲಿ ಮೆಲ್ಲಗೆ ತಲೆಯೆತ್ತಿ, ಹೊಸ ಅಪ್‌ಡೇಟ್ ಸಿದ್ಧವಾಗಿದೆ, ಈಗ ಹಾಕಲೋ ಆಮೇಲೆ ಹಾಕಲೋ ಎಂದು ಕೇಳತೊಡಗಿದಾಗ ಅದರಲ್ಲಿ ಹೆದರುವಂಥದ್ದೇನೂ ನನಗೆ ಕಾಣಲಿಲ್ಲ. ಒಳ್ಳೆಯ ಮನೆತನದ ಯಂತ್ರ ಎಂದುಕೊಂಡೆ. ನಮ್ಮ ಯಜಮಾನರು ಮಾತ್ರ ಅದು ಕೇಳಿದಾಗಲೆಲ್ಲ ಕಾಲ ಬಳಿ ಹಾವು ಹರಿದವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ‘ಆಮೇಲೆ’ ಒತ್ತುತ್ತಿದ್ದರು. “ಬೇಡ ಅಂತ ಒತ್ತಿಬಿಡಬಾರದಾ?” ಎಂದು ಒಮ್ಮೆ ಕೇಳಿದೆ. “ಬೇಡ ಅನ್ನೋದು ಅಲ್ಲಿ ಇದ್ರೆ ತಾನೇ ಕಣೇ ಒತ್ತೋದು” ಎಂದರು.

ಯಜಮಾನರು ಊರಾಚೆ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರು. ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟು, ಊಟದ ಡಬ್ಬಿ ಹಿಡಿದು ಹೊರಟರೆ ಬೀದಿಯವರು ಎದ್ದು ನಿಲ್ಲಬೇಕು, ಅಂಥ ಗಂಭೀರ ಮನುಷ್ಯ. ಅವರು ಭಾನುವಾರ ಸಂಜೆ ಊಟದ ಮೇಜಿಗೆ ಪ್ಲಾಸ್ಟಿಕ್ಕಿನ ಸ್ಟೇರಿಂಗ್ ಬಿಗಿದು, ಕೆಳಗೆ ಪೆಡಲುಗಳನ್ನಿಟ್ಟು, ಕಂಪ್ಯೂಟರಿನೊಳಗೆ ಲಾರಿ ಓಡಿಸುತ್ತಾರೆ ಎಂದರೆ ಯಾರೂ ನಂಬುವುದಿಲ್ಲ. ನಾನೂ ಯಾರಿಗೂ ಹೇಳಿಲ್ಲ. ಇದರ ಬೇರು ಹಳೆಯದು. ನಮ್ಮ ಮಾವನವರು ಲಾರಿ ಇಟ್ಟಿದ್ದರು. ಹಸಿರು ಬಣ್ಣದ, ಹಣೆಯ ಮೇಲೆ ‘ಕಪಿಲಾ’ ಎಂದು ಬರೆಸಿದ ಲಾರಿ. ಇಬ್ಬರು ಗಂಡುಮಕ್ಕಳನ್ನೂ ಅದರ ಸ್ಟೇರಿಂಗ್ ಮುಟ್ಟಗೊಡದೆ ಓದಿಗೆ ಹಚ್ಚಿದರು. ದೊಡ್ಡವರು ಮೇಷ್ಟ್ರಾಗಿ ಈಗ ನಿವೃತ್ತರು, ಟಿ. ನರಸೀಪುರದಲ್ಲಿದ್ದಾರೆ. ಚಿಕ್ಕವರು ನಮ್ಮವರು, ನಂಜನಗೂಡಿನಲ್ಲಿ. ಮುಟ್ಟಗೊಡದ ಆ ಸ್ಟೇರಿಂಗು ಇಬ್ಬರ ಅಂಗೈಯಲ್ಲೂ ತುರಿಸುತ್ತಲೇ ಇತ್ತೇನೋ. ಈ ವಯಸ್ಸಿನಲ್ಲಿ ಆಟದ ಲಾರಿಗಳಿಗೆ ಅದೇ ಹಸಿರು ಬಳಿದು, ಹಣೆಗೆ ‘ಕಪಿಲಾ’ ಎಂದು ಬರೆದುಕೊಂಡು, ಅವರು ಅಲ್ಲಿಂದ ಇವರು ಇಲ್ಲಿಂದ, ಹಿಮ ಬೀಳುವ ಯಾವುದೋ ದೇಶದ ಹೆದ್ದಾರಿಯಲ್ಲಿ ಒಬ್ಬರ ಹಿಂದೊಬ್ಬರು ಹೋಗುತ್ತಾರೆ. ಭಾವನವರ ಲಾರಿ ಯಾವಾಗಲೂ ಮುಂದೆ.

ಇದರಲ್ಲಿ ಒಂದು ವಿಶೇಷವಿದೆ. ಅಣ್ಣತಮ್ಮಂದಿರಿಗೆ ಮಾತಿಲ್ಲ. ಭಾವನವರ ಮಗಳ ಮದುವೆಯ ಕರೆಯೋಲೆಯಲ್ಲಿ, ಸುಖಾಗಮನ ಬಯಸುವವರ ಸಾಲಿನಲ್ಲಿ ನಮ್ಮವರ ಹೆಸರು ದೂರದ ದಾಯಾದಿಯೊಬ್ಬರ ಹೆಸರಿನ ಕೆಳಗೆ ಬಂದಿತ್ತು. ಅಚ್ಚಿನವನ ತಪ್ಪು ಎಂದು ಭಾವ ಹೇಳಿದರು. “ಅಚ್ಚಿನವನಿಗೆ ನಾನ್ಯಾರು ಅಂತ ಹೇಳೋರು ಯಾರು?” ಎಂದು ಇವರು ಕೇಳಿದರು. ಅಲ್ಲಿಗೆ ಫೋನು ನಿಂತಿತು, ಹೋಗಿ ಬರುವುದು ನಿಂತಿತು. ಲಾರಿ ಮಾತ್ರ ನಿಲ್ಲಲಿಲ್ಲ. ಭಾನುವಾರ ಸಂಜೆ ಇಬ್ಬರೂ ಸರಿಯಾಗಿ ಆಟದ ಡಿಪೋಗೆ ಬರುತ್ತಾರೆ. ಭಾವ ಒಂದು ಹಾರ್ನ್ ಹೊಡೆದರೆ ಹೊರಡೋಣ ಎಂದರ್ಥ. ಹಿಂದಿನಿಂದ ಇವರು ದೀಪ ಮಿನುಗಿಸಿದರೆ ನಿಧಾನ, ನಾನು ಹಿಂದೆ ಬಿದ್ದೆ ಎಂದು. ಎರಡು ಹಾರ್ನ್ ಕೇಳಿದರೆ ರಸ್ತೆ ಬದಿಗೆ ನಿಲ್ಲಿಸಿ ಟೀ. ಆ ಎರಡು ಹಾರ್ನಿಗೆ ನಾನಿಲ್ಲಿ ಒಲೆ ಹಚ್ಚುತ್ತೇನೆ, ಅಲ್ಲಿ ನನ್ನ ಓರಗಿತ್ತಿ ಗಿರಿಜಕ್ಕ ಹಚ್ಚುತ್ತಾರೆ. ಎರಡೂ ಊರಿನ ಅಡುಗೆಮನೆಗಳು ಹಾಗೆ ಒಂದೇ ಹೊತ್ತಿಗೆ ಟೀ ಕಾಯಿಸುತ್ತವೆ.

ಇಷ್ಟು ಹೇಳಿದ ಮೇಲೆ ಆಯುಧಪೂಜೆಯ ಸಂಗತಿ. ಅಂದು ಮನೆಯ ಕತ್ತರಿ, ಈಳಿಗೆಮಣೆ, ಸ್ಪ್ಯಾನರು, ಸ್ಕೂಟರು ಎಲ್ಲಕ್ಕೂ ಬಿಡುವು. ಪೂಜೆಯಾಗುವ ಆಯುಧ ಕೆಲಸ ಮಾಡುತ್ತಿರಬಾರದು. ಯಜಮಾನರು ಬೂದುಗುಂಬಳ ತರಲು ಹೋಗಿದ್ದರು. ನಾನು ಸ್ಟೇರಿಂಗಿಗೆ ವಿಭೂತಿಯ ಮೂರು ಎಳೆ ಎಳೆದು, ಕುಂಕುಮವಿಟ್ಟು, ಸೇವಂತಿಗೆ ಮಾಲೆ ಸುತ್ತಿದೆ. ನೋಡಿದರೆ ಕಂಪ್ಯೂಟರಿನ ಪುಟ್ಟ ದೀಪ ಮಿಣಮಿಣ ಅನ್ನುತ್ತಿದೆ. ನಮ್ಮವರು ಅದನ್ನು ಎಂದೂ ಪೂರ್ತಿ ಆರಿಸಿದವರಲ್ಲ, ನಿದ್ದೆಗೆ ಹಾಕಿ ಏಳುತ್ತಿದ್ದರು. ದುಡಿಯುತ್ತಿರುವ ಆಯುಧಕ್ಕೆ ಹೂವು ಏರಿಸುವುದು ಹೇಗೆ? ಆರಿಸಲು ಹೋದೆ. ಬರೀ ಆರಿಸು ಎನ್ನುವುದು ಅಲ್ಲಿರಲಿಲ್ಲ. ಅಪ್‌ಡೇಟ್ ಮಾಡಿ ಆರಿಸು ಎಂದಿತ್ತು. ಸ್ನಾನ ಮಾಡಿಸಿ ಮಲಗಿಸು ಎಂದಷ್ಟೇ ನನಗೆ ಅರ್ಥವಾಗಿದ್ದು. ಹಬ್ಬದ ದಿನ, ಒಳ್ಳೆಯದೇ ಆಯಿತು ಎಂದು ಒತ್ತಿದೆ. ಪರದೆ ನೀಲಿಯಾಗಿ, ನಡುವೆ ಚುಕ್ಕಿಗಳು ಪ್ರದಕ್ಷಿಣೆ ಹಾಕತೊಡಗಿದವು. ನಾನು ಊದಿನಕಡ್ಡಿ ಹಚ್ಚಿ ಎದುರಿಗಿಟ್ಟೆ.

ಮಾರನೆಯ ದಿನ ಕಂಪ್ಯೂಟರು ಎದ್ದಾಗ ಅದು ನಮ್ಮದು ಅನ್ನಿಸಲಿಲ್ಲ. ಸಾಮಾನೆಲ್ಲ ಜಾಗ ಬದಲಿಸಿತ್ತು. ಮೊದಲು ಬಹಳ ವಿನಯದಿಂದ, ಸ್ವಲ್ಪ ತಾಳಿ, ನಿಮಗಾಗಿ ಎಲ್ಲವನ್ನೂ ಸಿದ್ಧಪಡಿಸುತ್ತಿದ್ದೇವೆ ಎಂದಿತು. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಹೀಗೇ ಮೃದುವಾಗಿ ಮಾತಾಡುತ್ತಿದ್ದರು. ಅವರು ಎಷ್ಟು ಮೃದುವಾಗುತ್ತಾರೋ ಶಿಕ್ಷೆ ಅಷ್ಟು ದೊಡ್ಡದು ಎಂದು ನಮಗೆ ಗೊತ್ತಿತ್ತು. ಹಾಗೇ ಆಯಿತು. ಸ್ಟೇರಿಂಗಿನ ಜೊತೆ ಬಂದಿದ್ದ ಸಾಫ್ಟ್‌ವೇರ್ ಹಳೆಯದು, ಅಪಾಯಕಾರಿ, ನಿಮ್ಮ ಸುರಕ್ಷತೆಗಾಗಿ ತಡೆದಿದ್ದೇವೆ ಎಂದಿತು. ಅದು ಸಿಗದೆ ಆಟವೂ ತೆರೆದ ಕ್ಷಣವೇ ಮುಚ್ಚಿಕೊಳ್ಳುತ್ತಿತ್ತು. ಕೊನೆಗೆ ಇನ್ನೊಂದು ಸಾಲು: ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ.

“ಅದು ಯಾರು ರೀ?” ಎಂದೆ.

“ನಾನೇ ಕಣೇ! ಈ ಮನೇಲಿ ಅಡ್ಮಿನಿಸ್ಟ್ರೇಟರು ನಾನೇ. ಹಾಗಂತ ನಾನೇ ಬರ್ದಿದೀನಿ ಇದ್ರಲ್ಲಿ.”

“ಹಾಗಾದ್ರೆ ನೀವು ಅನುಮತಿ ಕೊಟ್ಟುಬಿಡಿ.”

“ಕೊಟ್ಟೆ. ನಿಂಗೆ ಅನುಮತಿ ಕೊಡೋ ಅನುಮತಿ ಇಲ್ಲ ಅಂತಾ ಇದೆ.”

ಕಾರ್ಖಾನೆಯಲ್ಲಿ ನೂರಾರು ಜನ ಇವರ ಮಾತು ಕೇಳುತ್ತಾರಂತೆ. ಇಲ್ಲಿ ಹೂವಿನ ಹಾರ ಹಾಕಿಕೊಂಡ ಸ್ಟೇರಿಂಗಿನ ಮುಂದೆ ಕೈಕಟ್ಟಿ ಕೂತಿದ್ದರು. ನನ್ನನ್ನು ಬೈಯಲಿಲ್ಲ. ಪೂಜೆಗೆಂದು ಆರಿಸಿದವಳನ್ನು ಬೈದರೆ ಶಿವ ಮೆಚ್ಚುವುದಿಲ್ಲವೆಂದು ಸುಮ್ಮನಿದ್ದರೋ ಏನೋ, ಹಲ್ಲು ಮಾತ್ರ ಕಡಿಯುತ್ತಿದ್ದರು. ಲಾರಿ ಆಟದವರದೊಂದು ಗುಂಪಿದೆ ಇವರ ಫೋನಿನಲ್ಲಿ. ಅಲ್ಲಿ ಎಲ್ಲ ಊರಿನವರೂ ಇದೇ ಚಿಂತೆಯಲ್ಲಿದ್ದರು. ಇವತ್ತು ಸ್ಟೇರಿಂಗ್ ಕಿತ್ಕೊಂಡ್ರು, ನಾಳೆ ಲಾರೀನೇ ಕಿತ್ಕೋತಾರೆ ಎಂದೊಬ್ಬರು. ಹಣ ಕೊಟ್ಟು ಕೊಂಡ ಕಂಪ್ಯೂಟರಲ್ಲಿ ಬಾಡಿಗೆದಾರರ ಥರ ಇರೋ ಹಾಗಾಯ್ತು, ಗೋಡೆಗೆ ಮೊಳೆ ಹೊಡಿಯೋಕೂ ಓನರನ್ನ ಕೇಳ್ಬೇಕು ಎಂದು ಇನ್ನೊಬ್ಬರು. ನನಗೆ ಎಲ್ಲ ಗೋಜಲಾಯಿತು. ನಮ್ಮದು ಎಂದುಕೊಂಡಿದ್ದು ನಮ್ಮದಲ್ಲವೆಂದರೆ, ನಾನು ಕುಂಕುಮ ಇಟ್ಟಿದ್ದು ಯಾರ ಆಯುಧಕ್ಕೆ? ಸುರಕ್ಷತೆ ಎನ್ನುತ್ತದಲ್ಲ, ಅದೂ ಸುಳ್ಳಿರಲಿಕ್ಕಿಲ್ಲ. ಇದ್ದರೂ ಇರಬಹುದು. ಯಾರನ್ನು ಕೇಳುವುದು?

ಭಾನುವಾರ ಬಂತು. ಯಜಮಾನರು ತೆರೆಯದ ಆಟದ ಮುಂದೆ ಕುಳಿತು ಗಡಿಯಾರ ನೋಡುತ್ತಿದ್ದರು. “ಅಣ್ಣ ಡಿಪೋಗೆ ಬಂದಿರ್ತಾನೆ” ಎಂದು ಗೋಡೆಗೆ ಹೇಳಿದರು. “ಫೋನ್ ಮಾಡಿ ಹೇಳಿಬಿಡಿ, ಕಂಪ್ಯೂಟರ್ ಕೆಟ್ಟಿದೆ ಅಂತ” ಎಂದರೆ, “ನಾನ್ಯಾಕೆ ಮಾಡ್ಲಿ? ಹೆಸರು ಎಲ್ಲಿ ಹಾಕ್ಸಿದ್ದ ಅವನು?” ಎಂದು ಎದ್ದು ಹಿತ್ತಲಿಗೆ ಹೋದರು. ನಾನು ಅಡುಗೆಮನೆಗೆ ಹೋಗಿ ಗಿರಿಜಕ್ಕನಿಗೆ ಫೋನ್ ಮಾಡಿದೆ.

“ಏನಮ್ಮ ಸುಮಾ ಇದು? ನಿಮ್ಮ ಭಾವ ಆಗ್ಲಿಂದ ಹಾರ್ನ್ ಹೊಡೀತಾನೇ ಅವ್ರೆ. ಟೀ ಆರೋಯ್ತು, ಮುಟ್ಟಿಲ್ಲ. ‘ಮಾದೇವ ಇದನ್ನೂ ಬಿಟ್ಬುಟ್ಟ ಕಣೇ, ಇನ್ನು ಬರಾಕಿಲ್ಲ ನನ್ ತಮ್ಮ’ ಅಂತ ಒಂಥರಾ ಮಾಡ್ಕಂಡು ಕೂತವ್ರೆ.”

“ಇಲ್ಲ ಅಕ್ಕ, ಮುನಿಸ್ಕೊಂಡಿರೋದು ಕಂಪ್ಯೂಟರು, ಇವರಲ್ಲ” ಎಂದು ಇದ್ದದ್ದನ್ನೆಲ್ಲ ಹೇಳಿದೆ. ನಿಮ್ಮದೂ ಪೂಜೆಯಾಯಿತಲ್ಲ, ಅದು ಹೇಗೆ ಉಳಿಯಿತು ಎಂದು ಕೇಳಿದೆ. “ನಾನೆಲ್ಲಿ ಆರಿಸ್ದೆ? ಓಡ್ತಾ ಇರೋವಾಗ್ಲೇ ಒಂದು ಬೊಟ್ಟು ಇಟ್ಟು ಕೈ ಮುಗ್ದೆ” ಎಂದರು. ಅವಸರದ ಭಕ್ತಿಗೂ ಒಂದು ಫಲವಿದೆ ಎಂದು ಅಂದೇ ನನಗೆ ತಿಳಿದಿದ್ದು. ಆದರೆ ಭಾವ ನನ್ನ ಸಮಾಧಾನವನ್ನು ನಂಬಲಿಲ್ಲವಂತೆ. ಹೆಂಗಸರು ತೇಪೆ ಹಾಕುತ್ತಿದ್ದೀರಿ ಎಂದರಂತೆ.

ಈ ಮಾತು ಕೇಳಿ ಯಜಮಾನರ ಮುಖ ಇಳಿಯಿತು. ಎರಡು ದಿನ ಬಿಟ್ಟು, ಬಹಳ ಸಹಜವಾಗಿ, ಅಂದರೆ ಪತ್ರಿಕೆ ತಲೆಕೆಳಗಾಗಿ ಹಿಡಿದುಕೊಂಡು, “ಗಿರಿಜತ್ತಿಗೇನ ನೋಡ್ಬೇಕು ಅಂತಿದ್ದೆಯಲ್ಲ, ಹೋಗ್ಬಾ. ಹಾಗೇ ಅವನ ಕಂಪ್ಯೂಟರಲ್ಲಿ ಸ್ಟೇರಿಂಗ್ ಸಾಫ್ಟ್‌ವೇರ್ ಯಾವುದಿದೆ ಅಂತ ಒಂದು ಫೋಟೋ ಹೊಡ್ಕೊಂಡು ಬಾ. ನಾನು ಹೇಳ್ದೆ ಅನ್ಬೇಡ” ಎಂದರು. ಹೀಗೆ ನಾನು ರಸಬಾಳೆಯ ಚಿಪ್ಪು ಹಿಡಿದು ಸುತ್ತೂರಿನ ಮೇಲೆ ಹೋಗುವ ಬಸ್ಸಿನಲ್ಲಿ ಗೂಢಚಾರಿಣಿಯಾಗಿ ಹೊರಟೆ. ಬಸ್ಸಿನ ಚಾಲಕ ಎದುರಿನ ಬಸ್ಸಿಗೆ ಹಾರ್ನ್ ಹೊಡೆದಾಗಲೆಲ್ಲ ಅದರ ಅರ್ಥವೇನಿರಬಹುದು ಎಂದು ಯೋಚಿಸುತ್ತಿದ್ದೆ. ಅಭ್ಯಾಸ.

ಭಾವನವರು ಊಟ ಮಾಡಿ ಮಲಗಿದ್ದರು. ಗಿರಿಜಕ್ಕ ನನ್ನನ್ನು ಕಂಪ್ಯೂಟರಿನ ಕೋಣೆಗೆ ಕರೆದೊಯ್ದು, ಬಾಗಿಲ ಬಳಿ ಕಾವಲು ನಿಂತರು. ಫೋಟೋ ತೆಗೆದೆ. ಅವರ ಸ್ಟೇರಿಂಗಿನ ಮೇಲೂ ಬೊಟ್ಟು, ಒಣಗಿದ ಹೂವು. ಪಕ್ಕದಲ್ಲಿ ಮಾವನವರ ಹಳೆಯ ಲಾರಿಯ ಪುಟ್ಟ ಚಿತ್ರ, ಅದರ ಮುಂದೆ ಚಡ್ಡಿ ಹಾಕಿಕೊಂಡ ಇಬ್ಬರು ಹುಡುಗರು. ಚಿಕ್ಕವನು ದೊಡ್ಡವನ ಅಂಗಿಯ ತುದಿ ಹಿಡಿದುಕೊಂಡಿದ್ದ. ಅದನ್ನೇ ನೋಡುತ್ತ ನನ್ನ ಕಣ್ಣು ಮಂಜಾಯಿತು. “ಬಾ ಸುಮಾ, ಎಲೆ ಹಾಕಿವ್ನಿ” ಎಂದು ಅಕ್ಕ ಕರೆದರು. ಎದ್ದೆ. ಕೋಣೆ ಬಿಡುವಾಗ ದೀಪ, ಫ್ಯಾನು, ಉರಿಯುವುದೇನಿದ್ದರೂ ಆರಿಸಿ ಬರಬೇಕು ಎಂದು ನಮ್ಮ ಸಿಸ್ಟರ್ ಕಲಿಸಿದ್ದು ಇಷ್ಟು ವರ್ಷವಾದರೂ ನನ್ನ ಬೆರಳಿನಲ್ಲಿದೆ. ದೀಪ ಆರಿಸಿದೆ. ಫ್ಯಾನು ಆರಿಸಿದೆ. ಇನ್ನೊಂದನ್ನೂ ಆರಿಸಿದೆ.

“ಏನಮ್ಮ ಇದು, ನೀಲಿ ಆಗಿ ಏನೋ ಸುತ್ತಾ ಅದೆ?” ಎಂದರು ಗಿರಿಜಕ್ಕ.

ನನ್ನ ಕೈಯಲ್ಲಿದ್ದ ಫೋನು ಜಾರಿತು. ಸದ್ದಿಗೆ ಭಾವನವರು ಎದ್ದು ಬಂದರು. ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ. ಫ್ಯಾನಿನ ಮಾತನ್ನು, ಸಿಸ್ಟರ್ ಮಾತನ್ನು, ಫೋಟೋ ತರಲು ಇವರು ಕಳಿಸಿದ್ದನ್ನು, ಅದನ್ನು ಹೇಳಬಾರದೆಂದಿದ್ದನ್ನು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಭಾವ ಚುಕ್ಕಿಗಳ ಪ್ರದಕ್ಷಿಣೆ ಮುಗಿಯುವವರೆಗೆ ನಿಂತು ನೋಡಿದರು. ಮತ್ತೆ ಹಾಕಿದರು. ತಾಳಿ, ನಿಮಗಾಗಿ ಸಿದ್ಧಪಡಿಸುತ್ತಿದ್ದೇವೆ ಎಂದಿತು. ಆಮೇಲೆ ಅದೇ ತಡೆ, ಅದೇ ಅಡ್ಮಿನಿಸ್ಟ್ರೇಟರು. ಅವರು ಜಗಲಿಗೆ ಹೋಗಿ ತಮ್ಮ ಫೋನ್ ಎತ್ತಿಕೊಂಡರು.

“ಲೇ ಮಾದೇವ, ನಾನು ಕಣೋ… ಹೂಂ, ಅಣ್ಣ… ನಂದೂ ಹೋಯ್ತು ಕಣ್ಲಾ. ಅದೇ, ಅದೇ ಸಾಲು. ಅಡ್ಮಿನಿಸ್ಟ್ರೇಟರಂತೆ, ಅವನಜ್ಜಿ ತಲೆ!”

ಆ ಕಡೆಯಿಂದ ನಮ್ಮವರು ಕೂಗಿದ್ದು ಜಗಲಿ ದಾಟಿ ನನಗೆ ಕೇಳಿಸಿತು. “ಯಾರಣ್ಣಾ ಆರಿಸ್ದೋರು?”

ಭಾವ ಒಮ್ಮೆ ನನ್ನ ಕಡೆ ನೋಡಿದರು. “ಯಾರೂ ಇಲ್ಲ ಕಣೋ. ತಾನಾಗೇ ಹಾಕ್ಕೊಂಡ್ತು. ಅದೇನು ಯಾರನ್ನಾದ್ರೂ ಕೇಳ್ತದಾ?”

ಆಮೇಲೆ ಅವರು ಆಡಿದ ಮಾತು ಮುಗಿಯುವ ಹೊತ್ತಿಗೆ ನಾನು, ಅಕ್ಕ ಊಟ ಮುಗಿಸಿ, ಎಲೆ ತೆಗೆದು, ಒಂದು ಸುತ್ತು ಎಲೆಅಡಿಕೆಯನ್ನೂ ಮುಗಿಸಿದ್ದೆವು. ಕರೆಯೋಲೆಯ ಹೆಸರು ಒಂದು ಸಲವೂ ಬರಲಿಲ್ಲ. ಕೇಳದೆ ಮನೆಗೆ ನುಗ್ಗಿ ಸಾಮಾನು ಕದಲಿಸಿದ ಮೂರನೆಯವನೊಬ್ಬ ಸಿಕ್ಕಿದ್ದ, ಇಬ್ಬರೂ ಸೇರಿ ಅವನನ್ನು ಬೈಯುವುದರಲ್ಲಿ ಮೈಮರೆತಿದ್ದರು. ನಾನು ಮಾಡಿದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಈಗ ಭಾವನವರು ಭಾನುವಾರ ಸಂಜೆ ತಮ್ಮ ಸ್ಟೇರಿಂಗನ್ನು ಚೀಲದಲ್ಲಿ ಹಾಕಿಕೊಂಡು ನಂಜನಗೂಡಿಗೇ ಬಂದುಬಿಡುತ್ತಾರೆ. ಹಳೆಯ ಸ್ಥಿತಿಗೆ ಹಿಂದಿರುಗುವ ದಾರಿಯೊಂದು ಇದೆಯಂತೆ. ಅಣ್ಣತಮ್ಮಂದಿರು ಪಕ್ಕಪಕ್ಕ ಕೂತು ಅದನ್ನು ಹುಡುಕುತ್ತಾರೆ, ಜಗಳವಾಡುತ್ತಾರೆ, ಮತ್ತೆ ಹುಡುಕುತ್ತಾರೆ. ಲಾರಿ ಇನ್ನೂ ಹೊರಟಿಲ್ಲ. ನನಗಿರುವ ತೊಂದರೆ ಒಂದೇ. ಹಾರ್ನ್ ಇಲ್ಲದ್ದರಿಂದ ಟೀ ಯಾವಾಗ ಇಡಬೇಕೆಂದು ತಿಳಿಯುವುದಿಲ್ಲ. ಮೊನ್ನೆ ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದೆ.

“ಭಾವ, ಟೀ ಈಗ ತರಲಾ, ಸ್ವಲ್ಪ ಹೊತ್ತು ಬಿಟ್ಟು ತರಲಾ?”

ಭಾವನವರು ಪರದೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಪರದೆಯನ್ನು ನೋಡಿದರು. ತಮ್ಮನ ಕಡೆ ಬಾಗಿ ಕೇಳಿದರು, “ಮಾದೇವ, ಇಲ್ಲೂ ‘ಬೇಡ’ ಅನ್ನೋದು ಇಲ್ಲವೇನೋ?”

“ಇಲ್ಲ ಕಣಣ್ಣ” ಎಂದರು ನಮ್ಮವರು, ಕಣ್ಣು ಕೀಳದೆ. “ಸದ್ಯಕ್ಕೆ ‘ಆಮೇಲೆ’ ಅಂತ ಒತ್ತು.”

ಅಷ್ಟರಲ್ಲಿ ನಾನು ಎರಡೂ ಲೋಟಕ್ಕೆ ಸುರಿದಾಗಿತ್ತು.