ನಿಶ್ಶಬ್ದ ಕ್ಯಾಬಿನ್‌ಗಳ ಬಾಗಿಲು ತಟ್ಟುವ ಕ್ರಮದ ಕುರಿತು

ನಿಶ್ಶಬ್ದ ಕ್ಯಾಬಿನ್ ಹಂಚಿಕೆ ಮತ್ತು ತಪಾಸಣಾ ಶಾಖೆ
(ಪ್ರವಾಸಿ ಹಡಗು ವಿಭಾಗ)

ಸಂಖ್ಯೆ: ನಿ.ಕ್ಯಾ.ಹ.ತ./ಬಾಗಿಲು/ತಟ್ಟುವಿಕೆ/ತಿದ್ದುಪಡಿ-4
ದಿನಾಂಕ: ಪ್ರಯಾಣದ ಆರನೆಯ ದಿನ, ಮಧ್ಯಾಹ್ನ

ಸುತ್ತೋಲೆ

ವಿಷಯ: ನಿಶ್ಶಬ್ದ ಕ್ಯಾಬಿನ್ ಆಯ್ಕೆ ಮಾಡುವುದು, ಅದರಲ್ಲಿ ನಿಶ್ಶಬ್ದ ಇರುವುದನ್ನು ದೃಢಪಡಿಸಿಕೊಳ್ಳುವುದು, ಹಾಗೂ ದೃಢಪಡಿಸಿಕೊಳ್ಳುವಾಗ ಉಂಟಾಗುವ ಶಬ್ದದ ಬಗ್ಗೆ.

ಉಲ್ಲೇಖ: (1) ಮಾದರಿ ಕ್ಯಾಬಿನ್‌ನ ಪ್ರಯಾಣಿಕರ ಮೌಖಿಕ ದೂರುಗಳು.
(2) ಸದರಿ ಪ್ರಯಾಣಿಕರ ತಂಗಿಯ ಮೌಖಿಕ ದೂರುಗಳು (ಎಣಿಕೆ ತಪ್ಪಿಹೋಗಿದೆ).
(3) ಹಡಗಿನ ವೈದ್ಯರ ಎಚ್ಚರಿಕೆ.

ಪೀಠಿಕೆ

ಘಟನೆಗಳು ನಡೆದ ಕ್ರಮವನ್ನು ಮೊದಲಿಗೆ ದಾಖಲಿಸಲಾಗಿದೆ. ಮೊದಲನೆಯ ದಿನ ಬೆಳಿಗ್ಗೆ ಹಡಗು ಬಂದರು ಬಿಟ್ಟಿತು. ಅದೇ ದಿನ ನಿವೃತ್ತ ದಾದಿಯೊಬ್ಬರು ತಮ್ಮ ತಂಗಿಯೊಂದಿಗೆ ಆರನೆಯ ಡೆಕ್ಕಿನ ಕ್ಯಾಬಿನ್ ಪ್ರವೇಶಿಸಿ, ಬಾಗಿಲು ಹಾಕಿಕೊಂಡು, ಸಂಜೆಯವರೆಗೆ ನಿದ್ರಿಸಿದರು. ಎರಡನೆಯ ದಿನ ಈ ಶಾಖೆಯು ಸದರಿ ಕ್ಯಾಬಿನ್ನನ್ನು 'ಮಾದರಿ ನಿಶ್ಶಬ್ದ ಕ್ಯಾಬಿನ್' ಎಂದು ಘೋಷಿಸಿತು. ಮೂರನೆಯ ದಿನದಿಂದ ಸದರಿಯವರಿಗೆ ನಿದ್ರೆ ಬಂದಿರುವುದಿಲ್ಲ. ಈ ಎರಡು ಸಂಗತಿಗಳ ನಡುವೆ ಏನಾದರೂ ಸಂಬಂಧವಿದೆಯೇ ಎಂದು ತಿಳಿಯುವ ಸಲುವಾಗಿ ನಾಲ್ಕನೆಯ ದಿನ ತಪಾಸಣೆಯನ್ನು ಹೆಚ್ಚಿಸಲಾಯಿತು.

ದಾದಿಯವರು ತಮ್ಮ ಸೇವಾವಧಿಯನ್ನೆಲ್ಲ ಆಸ್ಪತ್ರೆಯ ರಾತ್ರಿ ಪಾಳಿಯಲ್ಲೇ ಕಳೆದವರಾದ ಕಾರಣ ಅವರಿಗೆ ಹಗಲು ಹೊತ್ತು ಮಾತ್ರ ನಿದ್ರೆ ಬರುತ್ತದೆ. ತಂಗಿಯವರು ವೃತ್ತಿಯಿಂದ ಟೈಲರ್. ಅಕ್ಕನ ನಿವೃತ್ತಿಯನ್ನೇ ಕಾಯುತ್ತಿದ್ದು, ಹೊಲಿಗೆ ಅಂಗಡಿಗೆ ಬೀಗ ಹಾಕಿ ಈ ಪ್ರವಾಸಕ್ಕೆ ಹೊರಟವರು. ಇಬ್ಬರೂ ಜೊತೆಯಾಗಿ ಎಲ್ಲಿಗಾದರೂ ಹೋಗುತ್ತಿರುವುದು ಇದೇ ಮೊದಲು ಎಂದು ತಿಳಿದುಬಂದಿದೆ. ನಾಳೆ ಹಡಗು ಮುಂದಿನ ಬಂದರು ಮುಟ್ಟುವುದರೊಳಗೆ ದಾದಿಯವರಿಗೆ ಒಂದು ಪೂರ್ತಿ ನಿದ್ರೆ ಆಗದಿದ್ದಲ್ಲಿ, ಅವರ ರಕ್ತದೊತ್ತಡದ ದೃಷ್ಟಿಯಿಂದ ಅವರನ್ನು ಅಲ್ಲಿಯೇ ಇಳಿಸಬೇಕಾಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದಾರೆ. ಪೂರ್ತಿ ನಿದ್ರೆ ಎಂದರೆ ಮಲಗಿದವರು ತಾವಾಗಿಯೇ ಎಚ್ಚರಗೊಳ್ಳುವ ನಿದ್ರೆ ಎಂದೂ ಅವರು ಸ್ಪಷ್ಟಪಡಿಸಿದ್ದಾರೆ. ಈ ಸ್ಪಷ್ಟೀಕರಣವು ಶಾಖೆಯ ಕೆಲಸವನ್ನು ಕಠಿಣಗೊಳಿಸಿದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ ಮತ್ತು ಪ್ರಯಾಣಿಕರಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ.

1. ಆಯ್ಕೆಯ ಮಾನದಂಡ. ನಿಶ್ಶಬ್ದ ಕ್ಯಾಬಿನ್ ಹಡಗಿನ ಮಧ್ಯಭಾಗದಲ್ಲಿರತಕ್ಕದ್ದು. ಮುಂಭಾಗದಲ್ಲಿ ಲಂಗರಿನ ಸರಪಳಿಯೂ ಹಿಂಭಾಗದಲ್ಲಿ ಎಂಜಿನ್ನೂ ಇರುತ್ತವೆ. ಮೇಲಿನ ಡೆಕ್ಕಿನಲ್ಲೂ ಕೆಳಗಿನ ಡೆಕ್ಕಿನಲ್ಲೂ ಕ್ಯಾಬಿನ್‌ಗಳೇ ಇರತಕ್ಕದ್ದು. ನೆತ್ತಿಯ ಮೇಲೆ ಊಟದ ಹಾಲ್ ಇದ್ದರೆ ಬೆಳಗಾಗುವ ಮೊದಲೇ ಕುರ್ಚಿ ಎಳೆಯುವ ಸದ್ದು ಬರುತ್ತದೆ. ಲಿಫ್ಟ್ ಮತ್ತು ಮೆಟ್ಟಿಲುಗಳು ದೂರವಿರತಕ್ಕದ್ದು. ಪಕ್ಕದ ಕ್ಯಾಬಿನ್‌ಗೆ ತೆರೆದುಕೊಳ್ಳುವ ಒಳಬಾಗಿಲು ಇರತಕ್ಕದ್ದಲ್ಲ.

2. ದಾದಿಯವರ ಆಯ್ಕೆ ಮೇಲಿನ ಎಲ್ಲ ಮಾನದಂಡಗಳನ್ನೂ ಪೂರೈಸುತ್ತದೆ. ಅವರು ಟಿಕೆಟ್ ಕೌಂಟರಿನ ಮೇಲೆ ಹಡಗಿನ ನಕ್ಷೆ ಹರಡಿ, ತಂಗಿಯ ಅಳತೆ ಟೇಪು ಹಿಡಿದು, ಲಿಫ್ಟಿನಿಂದ ಪ್ರತಿಯೊಂದು ಕ್ಯಾಬಿನ್‌ನ ದೂರವನ್ನು ತಾವೇ ಅಳೆದರೆಂದು ಕೌಂಟರಿನ ಗುಮಾಸ್ತರು ತಿಳಿಸಿದ್ದಾರೆ. ಸಮುದ್ರ ಕಾಣುವ ಬಾಲ್ಕನಿ ಕ್ಯಾಬಿನ್ ಖಾಲಿ ಇದೆಯೆಂದು ಗುಮಾಸ್ತರು ಹೇಳಿದಾಗ ಸದರಿಯವರು ನೀಡಿದ ಉತ್ತರವನ್ನು ಯಥಾವತ್ತಾಗಿ ಕೊಡಲಾಗಿದೆ: "ಕಣ್ಣು ಮುಚ್ಕೊಂಡ್ಮೇಲೆ ನನಗ್ಯಾಕಪ್ಪ ಸಮುದ್ರ?" ಇಷ್ಟು ಸರಿಯಾದ ಆಯ್ಕೆಯನ್ನು ಪ್ರಯಾಣಿಕರು ತಾವಾಗಿಯೇ ಮಾಡಿಕೊಂಡದ್ದು ಈ ಶಾಖೆಯ ಗಮನಕ್ಕೆ ಬಂದಿತು. ಮುಂದಿನದೆಲ್ಲವೂ ಇದರ ಪರಿಣಾಮ.

3. ಫಲಕ. ಮಾದರಿ ಕ್ಯಾಬಿನ್‌ನ ಬಾಗಿಲಿಗೆ ಡ್ರಿಲ್ಲಿಂಗ್ ಯಂತ್ರದ ಸಹಾಯದಿಂದ 'ಇಲ್ಲಿ ನಿಶ್ಶಬ್ದವಿದೆ' ಎಂಬ ಫಲಕವನ್ನು ಅಳವಡಿಸಲಾಯಿತು. ಹಾದುಹೋಗುವ ಪ್ರಯಾಣಿಕರು ನಿಂತು ಅದನ್ನು ಗಟ್ಟಿಯಾಗಿ ಓದುತ್ತಿದ್ದ ಕಾರಣ, ಅದೇ ಯಂತ್ರದ ಸಹಾಯದಿಂದ 'ಮೇಲಿನ ಫಲಕವನ್ನು ಮನಸ್ಸಿನಲ್ಲೇ ಓದಿರಿ' ಎಂಬ ಎರಡನೆಯ ಫಲಕವನ್ನು ಅಳವಡಿಸಲಾಯಿತು. ಈಗ ಎರಡನ್ನೂ ಗಟ್ಟಿಯಾಗಿ ಓದುತ್ತಿದ್ದಾರೆ. ಮೂರನೆಯ ಫಲಕದ ಒಕ್ಕಣೆ ಪರಿಶೀಲನೆಯಲ್ಲಿದೆ.

4. ದೃಢೀಕರಣ. ಕ್ಯಾಬಿನ್‌ನಲ್ಲಿ ನಿಶ್ಶಬ್ದ ಮುಂದುವರಿದಿದೆಯೇ ಎಂಬುದನ್ನು ಕಚೇರಿ ವೇಳೆಯಲ್ಲಿ ಗಂಟೆಗೊಮ್ಮೆ ಬಾಗಿಲು ತಟ್ಟಿ ಕೇಳಿ ತಿಳಿದುಕೊಳ್ಳತಕ್ಕದ್ದು. ಪ್ರಯಾಣಿಕರ ನಿದ್ರೆಗೆ ಭಂಗ ಬಾರದಿರಲೆಂದೇ ಈ ಕಾರ್ಯವನ್ನು ಹಗಲಿಗೆ ಸೀಮಿತಗೊಳಿಸಲಾಗಿದೆ. ಈ ಕೆಲಸಕ್ಕೆ ಕಾರಿಡಾರಿನ ಅಟೆಂಡರನ್ನು ನಿಯೋಜಿಸಲಾಗಿದೆ. ಧ್ವನಿಯ ಪ್ರಮಾಣ ಎಲ್ಲರಿಗಿಂತ ಹೆಚ್ಚಿರುವುದರಿಂದ ಸಹೋದ್ಯೋಗಿಗಳು ಇವರನ್ನು 'ಪಿಸುಮಾತು' ಎಂದು ಕರೆಯುತ್ತಾರೆ.

(ಅ) ಒಳಗಿನಿಂದ 'ನಿಶ್ಶಬ್ದವಾಗಿದೆ' ಎಂಬ ಉತ್ತರ ಬಂದಲ್ಲಿ ನಿಶ್ಶಬ್ದವಿದೆಯೆಂದು ಭಾವಿಸತಕ್ಕದ್ದು.

(ಆ) ಉತ್ತರ ಬಾರದಿದ್ದಲ್ಲಿ ಮೂರು ಸಾಧ್ಯತೆಗಳಿವೆ: ಪ್ರಯಾಣಿಕರು ಒಳಗಿಲ್ಲ; ಇದ್ದಾರೆ, ಆದರೆ ಗದ್ದಲದಿಂದಾಗಿ ತಟ್ಟಿದ್ದು ಕೇಳಿಸುತ್ತಿಲ್ಲ; ಅಥವಾ ನಿದ್ರಿಸುತ್ತಿದ್ದಾರೆ. ಈ ಮೂರನ್ನು ಒಂದರಿಂದೊಂದು ಬೇರ್ಪಡಿಸಲು ಇನ್ನಷ್ಟು ಜೋರಾಗಿ ತಟ್ಟತಕ್ಕದ್ದು.

(ಇ) ನಿದ್ರಿಸುತ್ತಿದ್ದರೆಂದು ಕಂಡುಬಂದಲ್ಲಿ ಅದನ್ನು ನಿಶ್ಶಬ್ದಕ್ಕೆ ಪುರಾವೆಯೆಂದು ಪರಿಗಣಿಸತಕ್ಕದ್ದಲ್ಲ. ಗದ್ದಲದ ನಡುವೆಯೂ ನಿದ್ರಿಸುವ ಜನರಿದ್ದಾರೆ. ಆದ್ದರಿಂದ ಎಚ್ಚರಗೊಂಡವರನ್ನು, ಎಚ್ಚರವಾಗುವುದಕ್ಕೆ ಮುಂಚೆ ನಿಶ್ಶಬ್ದವಿತ್ತೇ ಎಂದು ಕೇಳತಕ್ಕದ್ದು.

(ಈ) ಒಳಗಿನಿಂದ ಉತ್ತರ ಬಾರದ ಹೊರತು ಅಟೆಂಡರ್ ಯಾವ ಕಾರಣಕ್ಕೂ ಬಾಗಿಲು ತೆರೆಯತಕ್ಕದ್ದಲ್ಲ. ಪ್ರಯಾಣಿಕರ ಏಕಾಂತವನ್ನು ಈ ಶಾಖೆ ಗೌರವಿಸುತ್ತದೆ.

ಈ ಕಂಡಿಕೆಯ ಬಗ್ಗೆ ದಾದಿಯವರು ನಾಲ್ಕನೆಯ ದಿನ ಬಾಗಿಲ ಸಂದಿಯಿಂದ ನೀಡಿದ ಹೇಳಿಕೆ: "ನಿಶ್ಶಬ್ದ ಇದ್ಯಾ ಅಂತ ಕೇಳ್ತೀಯಲ್ಲೋ ಮಗನೇ, ನೀನು ಬರೋ ತನಕ ಇತ್ತು ಕಣೋ. ನೀನು ಹೋದ್ಮೇಲೂ ಇರುತ್ತೆ. ನಡುವೆ ನೀನೊಬ್ಬ ಬರ್ದೇ ಇದ್ರೆ ಆಯ್ತು." ಸದರಿ ಹೇಳಿಕೆಯ ಮೊದಲ ಭಾಗವನ್ನು ದೃಢೀಕರಣವೆಂದು ಸ್ವೀಕರಿಸಲಾಗಿದೆ.

5. ಸುಧಾರಣೆಗಳು. ದೂರಿನ ಮೇರೆಗೆ ಅಟೆಂಡರಿಗೆ ದಪ್ಪ ಉಣ್ಣೆಯ ಕೈಗವಸು ಒದಗಿಸಲಾಯಿತು. ಕೈಗವಸು ಧರಿಸಿ ತಟ್ಟಿದ್ದು ಕೇಳಿಸದ ಕಾರಣ, ಕೈಗವಸು ಧರಿಸಿ ಕಾಲಿನಿಂದ ತಟ್ಟಲು ಅನುಮತಿ ನೀಡಲಾಯಿತು. ಇದ್ದಕ್ಕಿದ್ದಂತೆ ತಟ್ಟಿದರೆ ಎದೆ ಧಸಕ್ಕೆನ್ನುತ್ತದೆ ಎಂಬ ಎರಡನೆಯ ದೂರಿನ ಮೇರೆಗೆ, ಪ್ರತಿ ತಟ್ಟುವಿಕೆಗೆ ಮುಂಚೆ ಧ್ವನಿವರ್ಧಕದಲ್ಲಿ "ಇನ್ನು ಕೆಲವೇ ಕ್ಷಣಗಳಲ್ಲಿ ತಮ್ಮ ಬಾಗಿಲನ್ನು ಮೆಲ್ಲಗೆ ತಟ್ಟಲಾಗುವುದು, ಗಾಬರಿಯಾಗಬಾರದು" ಎಂದು ಪ್ರಕಟಿಸುವ ವ್ಯವಸ್ಥೆ ಮಾಡಲಾಗಿದೆ. ಧ್ವನಿವರ್ಧಕವು ಎಲ್ಲ ಡೆಕ್ಕುಗಳಿಗೂ ಒಂದೇ ಆಗಿರುವುದರಿಂದ ಈಗ ಹಡಗಿನಲ್ಲಿರುವ ಪ್ರತಿಯೊಬ್ಬರೂ ಗಂಟೆಗೊಮ್ಮೆ ತಮ್ಮ ತಮ್ಮ ಬಾಗಿಲ ಕಡೆ ನೋಡುತ್ತಿದ್ದಾರೆ.

6. ಹೋಲಿಕೆ. ನಿಶ್ಶಬ್ದವನ್ನು ಅದರಷ್ಟಕ್ಕೇ ಅಳೆಯುವುದು ವೈಜ್ಞಾನಿಕವಲ್ಲ. ಅದನ್ನು ಶಬ್ದದೊಂದಿಗೆ ಹೋಲಿಸಬೇಕು. ಆದ್ದರಿಂದ ಎಡಪಕ್ಕದ ಕ್ಯಾಬಿನ್ನನ್ನು 'ಹೋಲಿಕೆ ಕ್ಯಾಬಿನ್' ಎಂದು ಗೊತ್ತುಪಡಿಸಲಾಯಿತು. ಅದರಲ್ಲಿದ್ದ ದಂಪತಿಗಳು ಹಡಗು ಹತ್ತುವ ಮೊದಲೇ ಒಬ್ಬರೊಂದಿಗೊಬ್ಬರು ಮಾತು ಬಿಟ್ಟಿದ್ದರಿಂದ ಅಲ್ಲಿ ಯಾವುದೇ ಶಬ್ದ ದೊರೆಯಲಿಲ್ಲ. ಪ್ರಯೋಗದ ಹಿತದೃಷ್ಟಿಯಿಂದ ಮಾತು ಪುನರಾರಂಭಿಸುವಂತೆ ಅವರನ್ನು ಕೋರಲಾಯಿತು. ಯಾವ ವಿಷಯದ ಬಗ್ಗೆ ಎಂದು ಅವರು ಕೇಳಿದಾಗ, ಎಲ್ಲಿ ನಿಲ್ಲಿಸಿದ್ದಿರೋ ಅಲ್ಲಿಂದ ಎಂದು ಸೂಚಿಸಲಾಯಿತು. ದಂಪತಿಗಳ ಸಹಕಾರ ಶಾಖೆಯ ನಿರೀಕ್ಷೆಯನ್ನು ಮೀರಿದೆ. "ನಿಮ್ಮಮ್ಮ ಅವತ್ತು ಅಂದಿದ್ದು ನಾನಿನ್ನೂ ಮರೆತಿಲ್ಲ" ಎಂಬಲ್ಲಿಂದ ಆರಂಭವಾದ ಮಾತು ಈ ಸುತ್ತೋಲೆ ಹೊರಡುವ ವೇಳೆಗೆ ಅತ್ತೆಯವರ ಬಳೆಯ ವಿಷಯವನ್ನು ತಲುಪಿದೆ.

7. ವ್ಯಾಪ್ತಿ. ಹಗಲು ನಿದ್ರೆಯು ನಿದ್ರೆಯ ವ್ಯಾಖ್ಯೆಯಡಿ ಬರುವುದಿಲ್ಲ. ಅದು 'ವಿಶ್ರಾಂತಿ'ಯಾಗಿದ್ದು ಡೆಕ್ ಕುರ್ಚಿ ಶಾಖೆಯ ವ್ಯಾಪ್ತಿಗೆ ಸೇರಿದೆ. ಕುರ್ಚಿಯಲ್ಲಿಲ್ಲದ ವಿಶ್ರಾಂತಿ ತಮಗೆ ಸಂಬಂಧಿಸಿದ್ದಲ್ಲವೆಂದು ಸದರಿ ಶಾಖೆ ಹಿಂಬರಹ ನೀಡಿದೆ. ದಾದಿಯವರು ರಾತ್ರಿ ನಿದ್ರೆಯನ್ನು ರೂಢಿಸಿಕೊಳ್ಳಬಹುದೇ ಎಂದು ವಿಚಾರಿಸಲಾಗಿ, ಅವರು ರಾತ್ರಿಯಿಡೀ ಕಾರಿಡಾರಿನಲ್ಲಿ ಸದ್ದಿಲ್ಲದೆ ಓಡಾಡುತ್ತ, ಅರ್ಧ ತೆರೆದ ಬಾಗಿಲುಗಳನ್ನು ಮುಚ್ಚುತ್ತ, ಕೆಮ್ಮುತ್ತಿದ್ದವರಿಗೆ ಬಿಸಿನೀರು ಕೊಡುತ್ತಿದ್ದುದು ಕಂಡುಬಂದಿದೆ. ಇದರ ಬಗ್ಗೆ ಯಾವುದೇ ದೂರು ಬಂದಿಲ್ಲವಾದ ಕಾರಣ ಕ್ರಮ ಜರುಗಿಸಿಲ್ಲ.

8. ಅಡ್ಡಿ. ಐದನೆಯ ದಿನ ತಂಗಿಯವರು ಬಾಗಿಲ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತು ತಪಾಸಣೆಗೆ ಅಡ್ಡಿಪಡಿಸಿದ್ದಾರೆ. ಆಗ ನಡೆದ ಮಾತುಕತೆಯನ್ನು ಶಬ್ದಮಾಪಕದೊಂದಿಗೆ ಸ್ಥಳದಲ್ಲಿದ್ದ ಸಹಾಯಕರು ಬರೆದುಕೊಂಡಿದ್ದಾರೆ.

ಅಟೆಂಡರ್: "ಮೇಡಂ, ಒಂದೇ ಒಂದು ಸಲ ತಟ್ಟಿ ಹೋಗ್ಬಿಡ್ತೀನಿ. ನನ್ನ ಡ್ಯೂಟಿ."

ತಂಗಿ: "ನಮ್ಮಕ್ಕ ಜನ್ಮವೆಲ್ಲ ಊರವರನ್ನ ಮಲಗಿಸಿದೋಳು ಕಣಯ್ಯ. ಅವಳೊಬ್ಬಳನ್ನ ಮಲಗೋಕೆ ಬಿಡೋದು ನಿಮ್ಮಷ್ಟೂ ಜನಕ್ಕೆ ಆಗಲ್ವಾ?"

ಅಟೆಂಡರ್: "ಮಲಗ್ಲಿ ಮೇಡಂ, ಯಾರು ಬೇಡ ಅಂದ್ರು? ಮಲಗಿದೀನಿ ಅಂತ ಎದ್ದು ಒಂದು ಮಾತು ಹೇಳ್ಬಿಡ್ಲಿ."

ತಂಗಿ: "ಇನ್ನೊಂದು ಹೆಜ್ಜೆ ಮುಂದೆ ಇಡು ನೋಡೋಣ. ನಿನ್ನ ಯೂನಿಫಾರಂನ ಎರಡೂ ತೋಳು ಸೇರಿಸಿ ಹೊಲಿದುಬಿಡ್ತೀನಿ."

ಸದರಿ ಕಾರಿಡಾರಿನಲ್ಲಿ ಈವರೆಗೆ ದಾಖಲಾದ ಅತಿ ಹೆಚ್ಚಿನ ಶಬ್ದ ಇದೇ ಆಗಿದೆ. ಇದನ್ನು ಪ್ರಯಾಣಿಕರ ಕಡೆಯ ಶಬ್ದವೆಂದು ವರ್ಗೀಕರಿಸಲಾಗಿದೆ. ಮಾತುಕತೆ ಮುಗಿಯುವ ವೇಳೆಗೆ ದಾದಿಯವರೇ ಹೊರಬಂದು, ಇಬ್ಬರಿಗೂ ನೀರು ಕೊಟ್ಟು, ಅಟೆಂಡರಿನ ನಾಡಿ ಹಿಡಿದು ನೋಡಿ, "ನೀನೂ ಸರಿಯಾಗಿ ನಿದ್ದೆ ಮಾಡ್ತಿಲ್ಲ ಕಣೋ" ಎಂದಿದ್ದಾರೆ. ಅಟೆಂಡರ್ ಅಂದು ಉಳಿದ ತಪಾಸಣೆಗಳನ್ನು ನಡೆಸದೆ ಕೊಠಡಿಗೆ ಹೋಗಿ ಮಲಗಿದ್ದರಿಂದ ಅವರಿಗೆ ಕಾರಣ ಕೇಳಿ ನೋಟಿಸ್ ನೀಡಲಾಗಿದೆ. ಅವರ ಬಾಗಿಲು ತಟ್ಟಿದರೂ ಸಂಜೆಯವರೆಗೆ ನೋಟಿಸ್ ಸ್ವೀಕರಿಸಿರುವುದಿಲ್ಲ.

9. ಇಂದಿನ ಘಟನೆ. ಇಂದು ಬೆಳಿಗ್ಗೆ ಮೊದಲ ತಟ್ಟುವಿಕೆಗೆ ಮಾದರಿ ಕ್ಯಾಬಿನ್‌ನಿಂದ ಉತ್ತರ ಬರಲಿಲ್ಲ. ಎರಡನೆಯ ತಟ್ಟುವಿಕೆಗೆ ಎದುರು ಸಾಲಿನ ಎಲ್ಲ ಕ್ಯಾಬಿನ್‌ಗಳಿಂದ ಉತ್ತರ ಬಂದಿತು. ಅಕ್ಕತಂಗಿಯರಿಬ್ಬರೂ ಒಳಗಿಲ್ಲವೆಂದು ಆನಂತರ ತಿಳಿಯಿತು. ಧ್ವನಿವರ್ಧಕದಲ್ಲಿ ಕೂಗಿಸಿದರೂ ಪತ್ತೆಯಾಗಲಿಲ್ಲ. ಊಟದ ವೇಳೆಗೆ ವೈದ್ಯರಿಂದ ವರದಿ ಬಂದಿದ್ದು, ದಾದಿಯವರು ತೀರ ಕೆಳಗಿನ ಡೆಕ್ಕಿನ ಲಾಂಡ್ರಿಯಲ್ಲಿ, ಎರಡು ಒಣಗಿಸುವ ಯಂತ್ರಗಳ ನಡುವೆ, ಬಿಸಿ ಟವೆಲ್‌ಗಳ ರಾಶಿಯ ಮೇಲೆ ಗಾಢ ನಿದ್ರೆಯಲ್ಲಿದ್ದಾರೆ. ತಂಗಿಯವರು ಕಾಲಬುಡದಲ್ಲಿ ಕುಳಿತು ಹಡಗಿನ ಸಿಬ್ಬಂದಿಯ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದಾರೆ.

ಸಿಬ್ಬಂದಿಯೆಲ್ಲ 'ಇಸ್ತ್ರಿ ಮಾವ' ಎಂದು ಕರೆಯುವ ಲಾಂಡ್ರಿ ಮೇಲ್ವಿಚಾರಕರು ಊಟಕ್ಕೆಂದು ಮೇಲೆ ಬಂದಾಗ ನೀಡಿದ ಹೇಳಿಕೆ: "ಆಯಮ್ಮ ಬಟ್ಟೆ ಕೊಡೋಕೆ ಬಂದ್ರು. ಏನೋ ಕೇಳಿದ್ರು, ನಂಗೆ ಕೇಳಿಸ್ಲಿಲ್ಲ, ತಲೆ ಆಡಿಸ್ದೆ. ತಿರುಗಿ ನೋಡೋಷ್ಟರಲ್ಲಿ ಮಲಗಿಬಿಟ್ಟಿದ್ರು. ಗೊರಕೆನೂ ಕೇಳಿಸ್ತಿಲ್ಲ, ಬಾಯಿ ನೋಡಿ ಗೊತ್ತಾಯ್ತು. ನೀವ್ಯಾಕೆ ಇಷ್ಟು ಜೋರಾಗಿ ಕಿರುಚ್ತೀರಿ, ಮೆಲ್ಲಗೆ ಹೇಳಿ, ಹೇಗಿದ್ರೂ ನಂಗೆ ಕೇಳಿಸಲ್ಲ."

ಲಾಂಡ್ರಿಯಲ್ಲಿ ಶಬ್ದವನ್ನು ಅಳೆಯಲು ಹಿಂದೊಮ್ಮೆ ಪ್ರಯತ್ನಿಸಿದಾಗ ಮಾಪಕದ ಮುಳ್ಳು ಕೊನೆಯ ಗೆರೆ ಮುಟ್ಟಿ ಅಲ್ಲೇ ನಿಂತುಬಿಟ್ಟಿತ್ತು. ಅಂತಹ ಸ್ಥಳದಲ್ಲಿ ನಿದ್ರೆ ಬರುವುದು ಕಂಡಿಕೆ 1ಕ್ಕೆ ವಿರುದ್ಧವಾಗಿದೆ. ಯಂತ್ರದ ಸದ್ದು ಒಂದೇ ಸಮನಾಗಿದ್ದು, ಯಾರನ್ನೂ ಏನನ್ನೂ ಕೇಳುವುದಿಲ್ಲ ಎಂಬುದು ವೈದ್ಯರ ವಿವರಣೆ. ಇದನ್ನು ಅಭಿಪ್ರಾಯವೆಂದು ಮಾತ್ರ ಪರಿಗಣಿಸಲಾಗಿದೆ. ದಾದಿಯವರನ್ನು ಯಾರೂ ಎಬ್ಬಿಸಬಾರದು, ತಾವಾಗಿ ಎದ್ದರೆ ಪ್ರಯಾಣ ಮುಂದುವರಿಸಲು ತಮ್ಮದೇನೂ ಅಭ್ಯಂತರವಿಲ್ಲ ಎಂದೂ ವೈದ್ಯರು ತಿಳಿಸಿದ್ದಾರೆ.

10. ಸಕ್ರಮಗೊಳಿಸುವಿಕೆ. ಹಂಚಿಕೆಯಾಗದ ಸ್ಥಳದಲ್ಲಿ ಪ್ರಯಾಣಿಕರು ನಿದ್ರಿಸುವುದು ಅಕ್ರಮ. ಆದರೆ ಮಾನವೀಯ ನೆಲೆಯಲ್ಲಿ, ಸದರಿ ಲಾಂಡ್ರಿಯನ್ನು ಇಂದು ಬೆಳಗಿನಿಂದ ಪೂರ್ವಾನ್ವಯವಾಗುವಂತೆ 'ಮಾದರಿ ನಿಶ್ಶಬ್ದ ಕ್ಯಾಬಿನ್' ಎಂದು ಈ ಮೂಲಕ ಘೋಷಿಸಲಾಗಿದೆ. ಕ್ಯಾಬಿನ್‌ಗೆ ಅನ್ವಯಿಸುವ ಎಲ್ಲ ನಿಯಮಗಳೂ ಲಾಂಡ್ರಿಗೆ ಅನ್ವಯಿಸುತ್ತವೆ. ಅದರಂತೆ ಗಂಟೆಗೊಮ್ಮೆ ಬಾಗಿಲು ತಟ್ಟಿ, ಒಳಗಿನ ಉತ್ತರ ಪಡೆದು, ನಿಶ್ಶಬ್ದವನ್ನು ದೃಢಪಡಿಸಿಕೊಳ್ಳಲು ಅಟೆಂಡರನ್ನು ಈ ಸುತ್ತೋಲೆಯ ಪ್ರತಿಯೊಂದಿಗೆ ತಕ್ಷಣ ಕಳುಹಿಸಲಾಗಿದೆ. ವೈದ್ಯರ ಕೋರಿಕೆಯನ್ನು ಗಮನದಲ್ಲಿಟ್ಟುಕೊಂಡು, ಕಾಲಿನಿಂದ ತಟ್ಟುವಾಗ ಕಾಲಿಗೂ ಕೈಗವಸು ಧರಿಸುವಂತೆ ಸೂಚಿಸಲಾಗಿದೆ.

ಸಹಿ/-
ಶಾಖಾಧಿಕಾರಿ
ನಿಶ್ಶಬ್ದ ಕ್ಯಾಬಿನ್ ಹಂಚಿಕೆ ಮತ್ತು ತಪಾಸಣಾ ಶಾಖೆ

ಪ್ರತಿಗಳು:

1. ಹಡಗಿನ ಕಪ್ತಾನರಿಗೆ, ಬಿಡುವಾದಾಗ ಅವಗಾಹನೆಗಾಗಿ.
2. ಹಡಗಿನ ವೈದ್ಯರಿಗೆ, 'ಪೂರ್ತಿ ನಿದ್ರೆ'ಯ ವ್ಯಾಖ್ಯೆಯನ್ನು ಸಡಿಲಿಸಲು ಸಾಧ್ಯವೇ ಎಂದು ಪರಿಶೀಲಿಸುವ ಕೋರಿಕೆಯೊಂದಿಗೆ.
3. ಡೆಕ್ ಕುರ್ಚಿ ಶಾಖೆಗೆ, ಟವೆಲ್ ರಾಶಿಯನ್ನು ಕುರ್ಚಿಯೆಂದು ಪರಿಗಣಿಸಬಹುದೇ ಎಂಬ ಬಗ್ಗೆ ಅಭಿಪ್ರಾಯಕ್ಕಾಗಿ.
4. ಧ್ವನಿವರ್ಧಕ ನಿರ್ವಾಹಕರಿಗೆ, ತಿಳಿವಳಿಕೆಗಾಗಿ ಮಾತ್ರ. ಓದಿ ಹೇಳಲು ಅಲ್ಲ.
5. ಹೋಲಿಕೆ ಕ್ಯಾಬಿನ್‌ನ ದಂಪತಿಗಳಿಗೆ, ಇನ್ನು ನಿಲ್ಲಿಸಬಹುದೆಂಬ ವಿನಂತಿಯೊಂದಿಗೆ (ಮೂರನೆಯ ನೆನಪೋಲೆ).
6. ಲಾಂಡ್ರಿ ಮೇಲ್ವಿಚಾರಕರಿಗೆ, ಅಟೆಂಡರ್ ಮುಖಾಂತರ ಖುದ್ದಾಗಿ. ಅಟೆಂಡರಿನ ಷರಾ: ಬಾಗಿಲು ತಟ್ಟಲಾಯಿತು. ಜೋರಾಗಿ ತಟ್ಟಲಾಯಿತು. ಒಳಗೆ ಯಾರಿಗೂ ಕೇಳಿಸಿರುವುದಿಲ್ಲ.