ಟೇಪ್ ಸಾರ್ ಎಳೆದ ಗೆರೆ

ಒದ್ದೆ ಕಂಬಳಿಯ ವಾಸನೆ ಎಂದರೆ ಟೇಪ್ ಸಾರ್‌ಗೆ ಚಿಕ್ಕಂದಿನಿಂದಲೂ ಪ್ರಾಣ. ಮಳೆಯಲ್ಲಿ ನೆಂದ ಅಜ್ಜಿಯ ಕಂಬಳಿ ಒಲೆಯ ಪಕ್ಕದಲ್ಲಿ ಆರುವಾಗ ಮನೆಯವರೆಲ್ಲ ಮೂಗು ಮುಚ್ಚಿಕೊಂಡರೆ, ಇವರೊಬ್ಬರೇ ಅದರಲ್ಲಿ ಮುಖ ಹುದುಗಿಸಿ ನಿದ್ದೆ ಹೋಗುತ್ತಿದ್ದರು. ಹಾಗಾಗಿಯೇ ಕುರಿಮಂದೆ ದಾಟುವ ದಿನದ ಹಿಂದಿನ ಸಂಜೆ ತುಂತುರು ಮಳೆಯಲ್ಲಿ ಕುರಿಗಾರರ ಹಿರಿಯಜ್ಜಿ ಕಂಬಳಿ ಹೊದ್ದು ಕಚೇರಿಯ ಬಾಗಿಲಿಗೆ ಬಂದು, "ಮಗಾ, ಈ ಮೂಟೆ ಒಂದಿನ ಒಳಗಿಟ್ಕೋ. ನೆನೆದ್ರೆ ಹಾಳಾಗುತ್ತೆ" ಎಂದಾಗ, ಒಳಗೇನಿದೆ ಎಂದೂ ಕೇಳದೆ ಇಟ್ಟುಕೊಂಡರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಟೇಪ್ ಸಾರ್ ಎಂದರೆ ಆ ಊರಿನ ಸರ್ವೇಯರ್. ಜೇಬಿನಲ್ಲಿ ಕರವಸ್ತ್ರ ಇಲ್ಲದಿದ್ದರೂ ಅಳತೆಯ ಟೇಪ್ ಇರಲೇಬೇಕು. ಬಂದು ಮೂರು ವರ್ಷವಾಗಿತ್ತು. ಹೆಂಡತಿ, ಮಗಳು ಇರುವಲ್ಲಿಗೆ ಎರಡು ಬಸ್ಸು, ಒಂದು ರೈಲು. ನಾಲ್ಕು ವರ್ಷದ ಆ ಮಗುವಿನ ಪಾಲಿಗೆ ಅಪ್ಪ ಎಂದರೆ ಫೋನಿನೊಳಗೆ ವಾಸವಾಗಿರುವ ಯಾರೋ ಒಬ್ಬರು. ವರ್ಗಾವಣೆಗೆ ಏಳು ಅರ್ಜಿ ಹೋಗಿದ್ದವು. ಎಂಟನೆಯದನ್ನು ಕೈಯಲ್ಲಿ ಹಿಡಿದ ಸಾಹೇಬರು ಕೊನೆಗೂ ಕರಗಿದ್ದರು.

"ನೋಡ್ರೀ, ಈ ಸಲ ಕುರಿಮಂದೆ ಜಗಳ ಇಲ್ದೆ ದಾಟ್ಲಿ. ಎರಡೂ ಕಡೆಯವ್ರು ಒಪ್ಪಂದಕ್ಕೆ ಸಹಿ ಹಾಕ್ಲಿ. ಅವತ್ತೇ ನಿಮ್ಮ ಆರ್ಡರ್ ನಿಮ್ಮ ಕೈಲಿ."

ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ವರ್ಷಕ್ಕೆರಡು ಸಲ ಸಾವಿರದ ಇನ್ನೂರು ಕುರಿಗಳು ಗುಡ್ಡದಿಂದ ಹೊಳೆಯ ಕಡೆಗೆ, ಹೊಳೆಯಿಂದ ಗುಡ್ಡದ ಕಡೆಗೆ ಹೋಗಬೇಕು. ನಡುವೆ ಬೇಸಾಯದವರ ಹೊಲ. ಹಸಿರು ಕಂಡ ಕುರಿಗೆ ಬದು ಯಾವ ಲೆಕ್ಕ? ಕಳೆದ ಸಲ ಕಲ್ಲು ಹಾರಿ ನಾಲ್ಕು ತಲೆ ಒಡೆದಿದ್ದವು. ಈ ಸಲ ಶಾಂತಿ ಸಮಿತಿ ಕೂತು, ಹೊಲಗಳ ನಡುವೆ ಹತ್ತು ಹೆಜ್ಜೆ ಅಗಲದ ದಾರಿ ಬಿಡಲು ಎರಡೂ ಕಡೆಯವರನ್ನು ಒಪ್ಪಿಸಿತ್ತು. ದಾರಿಯ ಎರಡೂ ಅಂಚಿಗೆ ಸುಣ್ಣದ ಗೆರೆ ಎಂದು ಮೊದಲ ಮಾತು.

"ಗೆರೆಯ ದಪ್ಪ ಯಾರ ಕಡೆಗೆ ಸೇರುತ್ತೆ?" ಎಂದು ಬೇಸಾಯದವರ ಯಜಮಾನರು ತಗಾದೆ ತೆಗೆದರು.

"ಅಯ್ಯೋ, ದಪ್ಪಾನೂ ನೀವೇ ಇಟ್ಕೊಳ್ಳಿ. ಮೇಲೆ ಎರಡು ಕಾಳು ಬಿತ್ಕೊಳ್ಳಿ," ಎಂದಳು ಅಜ್ಜಿ.

ಗೆರೆಯ ದಪ್ಪಕ್ಕೇ ಅರ್ಧ ದಿನ ಹೋಯಿತು. ಕೊನೆಗೆ ಟೇಪ್ ಸಾರ್ ಕೈಮುಗಿದು, ನಡುಮಧ್ಯೆ ಒಂದೇ ಗೆರೆ ಎಳೆಯುವುದಾಗಿಯೂ ಮಂದೆ ಅದನ್ನು ಹಿಡಿದು ಹೋಗಲಿ ಎಂದೂ ಹೇಳಿ ಪಾರಾಗಿದ್ದರು.

ದಾಟುವ ದಿನ ಬೆಳಕು ಹರಿಯುವ ಮೊದಲೇ ಎದ್ದು ಸುಣ್ಣದ ಮೂಟೆ ತರಲು ಕಚೇರಿಯ ಒಳಕೋಣೆಗೆ ಹೋದರು. ಮಬ್ಬಿನಲ್ಲಿ ಎರಡು ಮೂಟೆಗಳು ಅವಳಿ ಮಕ್ಕಳ ಹಾಗೆ ಒಂದಕ್ಕೊಂದು ಒರಗಿ ಕೂತಿದ್ದವು. ಕೈಗೆ ಸಿಕ್ಕಿದ್ದನ್ನು ಗಾಡಿಗೆ ಹಾಕಿಕೊಂಡರು. ಬಾಯಿ ಬಿಚ್ಚಿದರೆ ಬೆಳ್ಳಗಿನ ಪುಡಿ. ಇನ್ನೇನು ಬೇಕು? ಬಗ್ಗಿ ಬಗ್ಗಿ ಹೊಲದ ಈ ತುದಿಯಿಂದ ಆ ತುದಿಯವರೆಗೆ ಎಳೆದ ಗೆರೆ, ಬೈತಲೆ ತೆಗೆದಷ್ಟು ನೇರವಾಗಿತ್ತು. ಸೊಂಟ ಹಿಡಿದುಕೊಂಡು ಟೀ ಅಂಗಡಿಗೆ ಬಂದು ಕೂತರು.

ಅರ್ಧ ಲೋಟ ಟೀ ಇಳಿಯುವಷ್ಟರಲ್ಲಿ ಯಜಮಾನರು ಬಿರುಗಾಳಿಯಂತೆ ಬಂದರು.

"ಏನ್ರೀ ಸಾರ್, ನಮ್ಮ ಹೊಲದ ಹತ್ರ ಗೆರೆನೇ ಇಲ್ಲ! ಆ ಕುರಿಯವ್ರು ಅಳಿಸಿ ಹಾಕಿದಾರೆ!"

"ಹತ್ತು ಮಾರು ಅಳಿಸಿದಾರಂತೆ ಸಾರ್," ಎಂದು ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಸೇರಿಸಿದ. ಅವನು ಅಂಗಡಿ ಬಿಟ್ಟು ಎದ್ದೇ ಇರಲಿಲ್ಲ. ಮುಂದಿನ ಗಿರಾಕಿಗೆ ಅದು ಐವತ್ತು ಮಾರಾಯಿತು. ಅದರ ನಂತರದವನಿಗೆ ಗೆರೆಯ ಜೊತೆ ಬದುವೂ ಮಾಯವಾಗಿತ್ತು. ಸುದ್ದಿ ಗುಡ್ಡದ ತಪ್ಪಲು ಮುಟ್ಟಿದಾಗ, ಬೇಸಾಯದವರೇ ಗೆರೆ ಅಳಿಸಿ ದಾರಿ ಮುಚ್ಚಿದ್ದಾರೆ ಎಂದಾಗಿತ್ತು. ಅಲ್ಲಿ ಕೋಲುಗಳು ಮೇಲೆದ್ದವು. ಇಲ್ಲಿ ಜನರೂ ಕೋಲೆತ್ತಿಕೊಂಡು ಬದುವಿನ ಮೇಲೆ ಸಾಲುಗಟ್ಟಿ ನಿಂತರು.

ಟೇಪ್ ಸಾರ್ ಟೀ ಬಿಟ್ಟು ಓಡಿದರು. ಗೆರೆ ನಿಜವಾಗಿಯೂ ಇರಲಿಲ್ಲ. ಕಾಲಿನಿಂದ ಒರೆಸಿದ್ದರೆ ಗುರುತಿರಬೇಕಿತ್ತು. ನೆಲವನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿ ಸ್ವಚ್ಛ ಮಾಡಿದ ಹಾಗಿತ್ತು. ಜಗಳದ ಭಯಕ್ಕಿಂತ ಒಂದು ಕೈ ಹೆಚ್ಚಾಗಿ ಕುತೂಹಲವೇ ಅವರನ್ನು ಎಳೆದುಕೊಂಡು ಹೋಯಿತು. ಮುಂದೆ ಹೋದರೆ, ಅಲ್ಲಿ ಯಜಮಾನರದೇ ಎಮ್ಮೆ. ಮೂತಿಗೆ ಬಿಳಿ ಮೀಸೆ ಮೆತ್ತಿಕೊಂಡು, ನಾಲಿಗೆಯಿಂದ ಗೆರೆಯನ್ನು ನೆಕ್ಕುತ್ತ, ಕಣ್ಣು ಅರ್ಧ ಮುಚ್ಚಿ ಸ್ವರ್ಗದಲ್ಲಿತ್ತು.

"ಎಮ್ಮೆ ಎಲ್ಲಾದ್ರೂ ಸುಣ್ಣ ತಿನ್ನುತ್ತಾ?" ಎಂದು ಹಿಂದಿನಿಂದ ಬಂದ ಯಜಮಾನರು ಬಾಯಿ ಕಳೆದರು.

"ಅದೇ ನೋಡಿ, ವಿಚಿತ್ರ," ಎನ್ನುತ್ತ ಟೇಪ್ ಸಾರ್ ಬಗ್ಗಿ, ಬೆರಳಿಗೊಂದಿಷ್ಟು ಪುಡಿ ಹತ್ತಿಸಿಕೊಂಡು ಯಾರಿಗೂ ಕಾಣದ ಹಾಗೆ ನಾಲಿಗೆಗಿಟ್ಟರು.

ಉಪ್ಪು!

ಸುಣ್ಣ ಕೋಣೆಯಲ್ಲೇ ಕೂತಿದೆ. ಕುರಿಗಳಿಗೆಂದು ಅಜ್ಜಿ ಕೂಡಿಟ್ಟಿದ್ದ ಉಪ್ಪನ್ನೆಲ್ಲ ತಾನು ನೆಲಕ್ಕೆ ಸುರಿದಿದ್ದೇನೆ! ಬಾಯಿ ತೆರೆಯಬೇಕು, ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗಂಟೆಯ ಸದ್ದು ಕೇಳಿತು. ಮಂದೆ ಹೊರಟುಬಿಟ್ಟಿತ್ತು.

ಆಮೇಲೆ ನಡೆದದ್ದನ್ನು ಅಲ್ಲಿದ್ದವರು ಬಹಳ ದಿನ ಹೇಳಿಕೊಂಡರು. ಗಂಟೆ ಕಟ್ಟಿದ ಟಗರು ದಾರಿಯ ಬಾಯಿಗೆ ಬಂದು ಒಮ್ಮೆ ನೆಲ ಮೂಸಿತು. ತಲೆ ತಗ್ಗಿಸಿತು. ಅಷ್ಟೆ, ಮತ್ತೆ ಎತ್ತಲಿಲ್ಲ. ಹಿಂದಿನ ಸಾವಿರದ ಇನ್ನೂರು ತಲೆಗಳೂ ತಗ್ಗಿದವು. ದಪ್ಪನೆಯ ಹಗ್ಗವೊಂದು ತನ್ನಷ್ಟಕ್ಕೆ ಹರಿದು ಹೋಗುವ ಹಾಗೆ ಮಂದೆ ಹೊಲದ ನಡುವೆ ಸರಿದುಹೋಯಿತು. ಗೆರೆಯಿಲ್ಲದ ಕಡೆಯೂ ಎಮ್ಮೆ ನೆಕ್ಕಿ ಬಿಟ್ಟ ತೇವವನ್ನೇ ಮೂಸುತ್ತ ಮುಂದೆ ಸಾಗಿದವು. ಎಡಕ್ಕೆ ಹಸಿರು, ಬಲಕ್ಕೆ ಹಸಿರು. ಒಂದು ಎಲೆ ಕದಲಲಿಲ್ಲ. ಬದುವಿನ ಮೇಲೆ ಎದ್ದಿದ್ದ ಕೋಲುಗಳು ತಾವಾಗಿಯೇ ಕೆಳಗಿಳಿದವು.

"ನಮ್ಮನೆ ಮಕ್ಕಳೂ ಊಟಕ್ಕೆ ಇಷ್ಟು ಶಿಸ್ತಾಗಿ ಬರಲ್ಲ," ಎಂದರು ಯಾರೋ.

ಮಂದೆಯ ಬಾಲದಲ್ಲಿ ಅಜ್ಜಿ ಬಂದಳು. ಟೇಪ್ ಸಾರ್ ಅವಳನ್ನು ಒಂದು ಪಕ್ಕಕ್ಕೆ ಕರೆದರು. "ಅಜ್ಜೀ, ತಪ್ಪಾಗೋಯ್ತು. ಆ ಮೂಟೆ..."

"ಶ್! ಟಗರು ಮೂಸಿದಾಗ್ಲೇ ಗೊತ್ತಾಯ್ತು ಬಿಡು. ಕುರಿಗಳ ಉಪ್ಪು, ಕುರಿಗಳ ಹೊಟ್ಟೆಗೇ ಹೋಯ್ತು. ನಿಂಗೆ ಇಷ್ಟು ಬುದ್ಧಿ ಇದೆ ಅಂತ ಗೊತ್ತಿರಲಿಲ್ಲ ಮಗಾ."

"ಬುದ್ಧಿ ಅಲ್ಲ ಅಜ್ಜೀ, ಮೂಟೆ ಬದಲಾಗಿ..."

"ಸಾಕು ಸಾಕು, ನನ್ನತ್ರ ನಾಟಕ ಬೇಡ. ಆ ಯಜಮಾನನಿಗೆ ಮಾತ್ರ ಹೇಳ್ಬೇಡ. ಆಸೆ ತೋರ್ಸಿ ದಾಟಿಸ್ಕೊಂಡ್ರು ಅಂತ ಆಡ್ಕೋತಾನೆ. ನಮ್ಮ ಕುರಿಗಳು ಒಳ್ಳೇವು ಅಂದ್ಕೊಂಡೇ ಇರ್ಲಿ." ಅವಳು ಅವರ ಕೆನ್ನೆ ತಟ್ಟಿ ಮುಂದೆ ಹೋದಳು.

ಮಧ್ಯಾಹ್ನ ಸಾಹೇಬರ ಜೀಪು ಬಂತು. ಕಚೇರಿಯ ಮೇಜಿನ ಮೇಲೆ ಒಪ್ಪಂದದ ಹಾಳೆ ಹರಡಿತು. ಸಾಹೇಬರ ಅಂಗಿಯ ಜೇಬಿನಿಂದ ವರ್ಗಾವಣೆಯ ಲಕೋಟೆಯ ತುದಿ ಇಣುಕುತ್ತಿತ್ತು. ಟೇಪ್ ಸಾರ್ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದರು.

"ಸಹಿ ಹಾಕ್ತೀವಿ. ಆದ್ರೆ ಒಂದು ಮಾತು ಸೇರ್ಸಿ," ಎಂದಳು ಅಜ್ಜಿ. "ಪ್ರತಿ ಸಲ ಗೆರೆ ಇವನೇ ಎಳೀಬೇಕು. ಬೇರೆಯವ್ರ ಗೆರೆ ನಮಗೆ ಬೇಡ."

ಯಜಮಾನರು ಈಗ ತಗಾದೆ ತೆಗೆಯುತ್ತಾರೆ ಎಂದು ಟೇಪ್ ಸಾರ್ ಆಸೆಯಿಂದ ಅತ್ತ ನೋಡಿದರು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದರು ಯಜಮಾನರು. "ಇವರಿಲ್ದೆ ಒಪ್ಪಂದ ಇಲ್ಲ."

ಎಷ್ಟೋ ವರ್ಷಗಳಲ್ಲಿ ಆ ಇಬ್ಬರೂ ಒಂದೇ ಉಸಿರಿಗೆ ಒಪ್ಪಿದ ಮೊದಲ ಮಾತು ಅದು. ಸಾಹೇಬರ ಕಣ್ಣಲ್ಲಿ ನೀರಾಡಿತು. ಲಕೋಟೆಯನ್ನು ಹೊರಗೆಳೆದು, ಎರಡಾಗಿ ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. "ಇಂಥವರನ್ನ ಕಳಿಸೋಕಾಗುತ್ತೇನ್ರೀ? ಇಲ್ಲೇ ಇರಿ. ಎಷ್ಟು ವರ್ಷ ಬೇಕಾದ್ರೂ ಇರಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಟೇಪ್ ಸಾರ್ ಕೂಡ ತಟ್ಟಿದರು. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ.

ಜೀಪು ಹೋಯಿತು, ಜನ ಕರಗಿದರು. ಟೇಪ್ ಸಾರ್ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಕೂತರು. ಸತ್ಯ ಹೇಳಿಬಿಡಬೇಕು, ಆಗಿದ್ದಾಗಲಿ, ಎಂದು ಗಟ್ಟಿ ಮನಸ್ಸು ಮಾಡುವಷ್ಟರಲ್ಲಿ ಯಜಮಾನರೇ ವಾಪಸು ಬಂದರು.

"ಯಜಮಾನರೇ, ಒಂದು ವಿಷಯ. ಆ ಗೆರೆ ಸುಣ್ಣದ್ದಲ್ಲ..."

"ಮೆತ್ತಗೆ ಮಾತಾಡಿ ಸಾರ್." ಯಜಮಾನರು ಆಚೀಚೆ ನೋಡಿದರು. "ನಿಮ್ಮ ಹಿಂದೆಯೇ ನಾನೂ ಬೆರಳಿಟ್ಟು ನೋಡಿದೆ. ಎಂಥಾ ತಲೆ ನಿಮ್ದು! ಆದ್ರೆ ಅಜ್ಜಿಗೆ ಮಾತ್ರ ಹೇಳ್ಬೇಡಿ. ಪಾಪ, ತನ್ನ ಕುರಿಗಳ ಶಿಸ್ತು ನೋಡಿ ಎಷ್ಟು ಹೆಮ್ಮೆಯಿಂದ ಹೋದ್ಲು ಗೊತ್ತಾ? ಆ ಖುಷಿ ಯಾಕೆ ಕೆಡಿಸ್ಬೇಕು?"

ಟೇಪ್ ಸಾರ್ ಜೇಬಿನ ಟೇಪನ್ನು ತೆಗೆದು ಮೆಟ್ಟಿಲ ಮೇಲಿಟ್ಟರು.

ಅವರು ಬೆಳಗಿನಿಂದ ಏನೂ ತಿಂದಿಲ್ಲ ಎಂಬುದು ಆ ಮುಖ ನೋಡಿಯೇ ಯಜಮಾನರಿಗೆ ತಿಳಿದಿರಬೇಕು. ಬಗಲಲ್ಲಿದ್ದ ಬುತ್ತಿಯ ಗಂಟನ್ನು ಬಿಚ್ಚಿ, ಇನ್ನೂ ಬೆಚ್ಚಗಿದ್ದ ಡಬ್ಬಿಯನ್ನು ಅವರ ಎರಡೂ ಕೈಗಳ ನಡುವೆ ಇಟ್ಟು, ಪಕ್ಕದಲ್ಲೇ ಕೂತರು.