ಹಿಂಬದಿಯ ಕೊನೆಯ ಹಾಡು

ಸಾಯುವ ಮನುಷ್ಯನ ಹತ್ತಿರ ನಿನಗೇನು ಬೇಕು ಎಂದು ಕೇಳಬಾರದು. ಕೇಳಿದರೆ ಹೇಳಿಬಿಡುತ್ತಾರೆ. ನಮ್ಮ ಓಣಿಯಲ್ಲಿ ಈವರೆಗೆ ಹೋದವರೆಲ್ಲ ಮರ್ಯಾದಸ್ಥರು. ಒಬ್ಬರು ಹೋಳಿಗೆ ತುಪ್ಪ ಕೇಳಿದರು. ಒಬ್ಬರು ಮೈಲಾರದ ಭಂಡಾರ ಹಣೆಗೆ ಹಚ್ಚಿ ಎಂದರು. ಹಿಂದಿನ ಮನೆಯ ಮುದುಕಿ ಮಂಡಕ್ಕಿ ಮಿರ್ಚಿ ತರಿಸಿಕೊಂಡು, ಅರ್ಧ ತಿಂದು, ಖಾರ ಕಡಿಮೆ ಎಂದು ಬೈದು ಕಣ್ಣು ಮುಚ್ಚಿದಳು. ಇವೆಲ್ಲ ಹಗರಿಬೊಮ್ಮನಹಳ್ಳಿಯಲ್ಲಿ ಸಿಗುವ ವಸ್ತುಗಳು. ನನ್ನ ಯಜಮಾನ ಕೇಳಿದ್ದು ಇಂಗ್ಲಿಷ್ ಹಾಡು. ಅದೂ ಹೆಸರುವಾಸಿಯಾದದ್ದಲ್ಲ, ಗ್ರಾಮಫೋನ್ ಪ್ಲೇಟಿನ ಹಿಂಬದಿಯ ಕೊನೆಯದು. ದಾವಣಗೆರೆಯ ಡಾಕ್ಟರು ಎದೆಯ ಫೋಟೊ ಬೆಳಕಿಗೆ ಹಿಡಿದು ನೋಡಿ, "ಮನೆಗೆ ಕರ್ಕೊಂಡು ಹೋಗಿ, ಏನು ಕೇಳ್ತಾರೋ ಕೊಡಿ" ಎಂದಿದ್ದರು. ಪಾಪ, ಅವರಿಗೇನು ಗೊತ್ತು, ಇವನು ಇಂಥದ್ದು ಕೇಳುತ್ತಾನೆಂದು.

ನಮ್ಮದು ಮೈಕ್‌ಸೆಟ್ಟಿನ ಸಂಸಾರ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಈ ಕಡೆ ಯಾವ ಹಳ್ಳಿಯಲ್ಲಿ ಮದುವೆಯಾದರೂ ನಮ್ಮ ಹಾರ್ನು ಬೇವಿನ ಮರದಲ್ಲಿ ಒದರುತ್ತಿತ್ತು. ಅವನು ಮರ ಹತ್ತಿ ಹಾರ್ನು ಕಟ್ಟುತ್ತಿದ್ದ, ನಾನು ಕೆಳಗೆ ವೈರು ಬಿಡುತ್ತಿದ್ದೆ. ಹೆಂಗಸು ವೈರು ಹಿಡಿಯುತ್ತಾಳೆಂದು ಆಡಿಕೊಂಡವರಿದ್ದರು. ಆಡಿಕೊಂಡವರ ಮದುವೆಗೂ ನಾನೇ ಹಿಡಿದೆ. ಒಮ್ಮೆ ಹೊಸಪೇಟೆಯ ಕಡೆ ಗಣಿಯ ಸಾಹೇಬನೊಬ್ಬ ವರ್ಗವಾಗಿ ಹೋಗುವಾಗ ಸಾಮಾನು ಮಾರಿದ. ಇವನು ಸಿನಿಮಾ ಹಾಡಿನ ಪ್ಲೇಟು ಇರಬಹುದೆಂದು ಒಂದು ಪೆಟ್ಟಿಗೆ ಹೊತ್ತು ತಂದ. ಅದರ ತಳದಲ್ಲಿ ಈ ದೊಡ್ಡ ಪ್ಲೇಟು ಇತ್ತು. ಹೊದಿಕೆಯ ಮೇಲೆ ನಾಲ್ವರ ಚಿತ್ರ. ಹೆಗಲಿಗೆ ಬೀಳುವ ಕೂದಲು, ಹೂವಿನ ಅಂಗಿ, ಕೊರಳಲ್ಲಿ ಮಣಿಸರ. ಹಿಂದೆ ಬಣ್ಣವೋ ಬಣ್ಣ, ಅರಿಶಿನ ಕುಂಕುಮ ನೀಲಿ ಎಲ್ಲ ಕಲಸಿ ಯಾರೋ ವಾಂತಿ ಮಾಡಿಕೊಂಡ ಹಾಗೆ. ಯಂತ್ರಕ್ಕೆ ಹಾಕಿದರೆ ಕೀಚಲು ದನಿ, ಎಳೆ ಹುಡುಗಿಯರ ಹಾಗೆ. ಕೂದಲು ನೋಡಿ, ದನಿ ಕೇಳಿ, ಇವರು ಪರದೇಶದ ನಾಲ್ಕು ಜನ ಅಕ್ಕತಂಗಿಯರು ಎಂದು ಯಜಮಾನ ತೀರ್ಮಾನ ಕೊಟ್ಟ. ನಾವು ಒಪ್ಪಿದೆವು. ನಮಗೇನು, ಅವರ ಮನೆಯಿಂದ ಹೆಣ್ಣು ತರಬೇಕಿತ್ತೇ?

ಮುಂಬದಿಯ ಮೊದಲ ಹಾಡು ಮದುವೆಗಳಲ್ಲಿ ಓಡಿತು. ಮದುಮಗ ಟ್ರ್ಯಾಕ್ಟರಿನಿಂದ ಇಳಿಯುವಾಗ ಅದನ್ನು ಹಾಕಿದರೆ ಹುಡುಗರು ಕುಣಿಯುತ್ತಿದ್ದರು. ಉಳಿದವನ್ನು ಯಾರೂ ಸಹಿಸಲಿಲ್ಲ. ಕೂಡ್ಲಿಗಿ ಕಡೆಯ ಬೀಗರೊಬ್ಬರು ಊಟದ ಎಲೆ ಬಿಟ್ಟು ಎದ್ದು ಬಂದು, "ಹಾಡು ಹಾಕಪಾ ಅಂದ್ರ ಬೆಕ್ಕಿನ ಬಾಲ ತುಳಿಯಾಕ ಹತ್ತೀಯಲ್ಲೋ" ಎಂದು ಕೂಗಾಡಿದ್ದರು. ಅಂದಿನಿಂದ ಇವನು ತನ್ನ ಇಷ್ಟದ ಹಾಡನ್ನು ಎಲ್ಲ ಮುಗಿದ ಮೇಲೆ ಹಾಕಿಕೊಳ್ಳುತ್ತಿದ್ದ. ಬೀಗರು ಹೊರಟಿರುತ್ತಾರೆ, ಕೊಪ್ಪರಿಗೆ ತಿಕ್ಕುತ್ತಿರುತ್ತಾರೆ, ನಾಯಿಗಳು ಎಲೆ ಎಳೆದಾಡುತ್ತಿರುತ್ತವೆ. ನಾನು ಊರ ತುದಿಯ ಹಾರ್ನಿನಿಂದ ವೈರು ಸುತ್ತುತ್ತಾ ಬರಬೇಕು. ನಾನು ಯಂತ್ರದ ಹತ್ತಿರ ಮುಟ್ಟುವ ಹೊತ್ತಿಗೆ ಅವನು ಮುಳ್ಳು ಎತ್ತಿಬಿಡುತ್ತಿದ್ದ. ಆದ್ದರಿಂದ ಆ ಹಾಡನ್ನು ನಾನು ಎಷ್ಟೋ ವರ್ಷ ದೂರದಿಂದಲೇ ಕೇಳಿದೆ, ಕೊನೆ ಮಾತ್ರ ಕೇಳಲಿಲ್ಲ. ಸಿತಾರಿನಂಥದ್ದೇನೋ ನೊಣದ ಹಾಗೆ ಗುಂಯ್‌ಗುಟ್ಟುತ್ತದೆ, ಹುಡುಗಿಯರು ಏನೋ ಕರೆಯುತ್ತಾರೆ. ಅಷ್ಟಕ್ಕೇ ಅವನು ಕಣ್ಣು ಮುಚ್ಚಿ ಕೂರುತ್ತಿದ್ದ. ನನ್ನ ಹಾಡಿಗೆ ಅವನು ಒಂದು ದಿನವೂ ಕಣ್ಣು ಮುಚ್ಚಿದವನಲ್ಲ. ಬೀಸುವಾಗ ನಾನು ಹಾಡಿದರೆ ಎದ್ದು ಹೊರಗೆ ಹೋಗುತ್ತಿದ್ದ.

ಈಗ ಅದೇ ಹಾಡು ಬೇಕಂತೆ. ಪ್ಲೇಟು ಟ್ರಂಕಿನಲ್ಲಿತ್ತು. ಯಂತ್ರ ಯಾವಾಗಲೋ ಮನೆ ಬಿಟ್ಟು ಹೋಗಿತ್ತು. ಪಕ್ಕದ ಓಣಿಯಲ್ಲಿ ಬಟ್ಟೆ ಹೊಲಿಯುವ ನಮ್ಮ ಮಗಳು ಶಾಂತಾ, "ಅದಕ್ಯಾಕ ಅಷ್ಟು ಒದ್ದಾಡ್ತಿ ಅವ್ವಾ" ಎಂದು ಫೋನನ್ನು ಹೊದಿಕೆಯ ಚಿತ್ರಕ್ಕೆ ಹಿಡಿದಳು. ಫೋನು ಎಲ್ಲ ಹೇಳಿತು. ಅರವತ್ತರ ದಶಕದ ತಂಡವಂತೆ. ಒಂದು ಹಾಡನ್ನು ಲೋಕವೆಲ್ಲ ಕೇಳಿದೆಯಂತೆ, ಉಳಿದವನ್ನು ಅವರ ದೇಶದವರೇ ಮರೆತಿದ್ದಾರಂತೆ. ಅಲ್ಲಿಯೂ ಬೀಗರ ಮನೆಯ ಕಥೆಯೇ.

ನಾವು ಮಂಚದ ಸುತ್ತ ಕೂತು ಮರೆತ ಹಾಡುಗಳನ್ನೆಲ್ಲ ಒಂದೊಂದಾಗಿ ಕೇಳಿದೆವು. ಒಂದರಲ್ಲಿ ಗಡಿಯಾರಗಳು ಬಡಿದುಕೊಂಡವು. ಒಂದರಲ್ಲಿ ಯಾರೋ ಬಾಯಿ ಮುಕ್ಕಳಿಸಿದರು. ಇನ್ನೊಂದರಲ್ಲಿ ತಾಳ ಹಿಂದುಮುಂದಾಗಿ, ಚೆಲ್ಲಿದ ನೀರು ತಿರುಗಿ ಕೊಡದೊಳಗೆ ಹೋದ ಹಾಗೆ ಕೇಳಿತು. ಅದು ಏನನ್ನು ತಿಂದು ಕಟ್ಟಿದ ಹಾಡೋ! ಎಲ್ಲದರಲ್ಲೂ ಗಂಡು ದನಿ. ಯಜಮಾನ ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿದ.

"ಅಪ್ಪಾ, ಇದು ಹಿಂಬದಿ ಕೊನೀದು. ಇದ ನೀ ಕೇಳಿದ್ದು" ಎಂದಳು ಶಾಂತಾ.

ಅವನು ಸ್ವಲ್ಪ ಹೊತ್ತು ಕೇಳಿದ. "ಅಲ್ಲಲೇ. ಇದರಾಗ ಯಾವನೋ ಸಾಯಾಕ ಹತ್ಯಾನ" ಎಂದ. ಉಸಿರು ಎಳೆದುಕೊಂಡು, "ನಮ್ಮ ಹುಡುಗೇರು ಎಲ್ಲಿ?" ಎಂದ.

"ಹುಡುಗೇರು ಇಲ್ಲಪ್ಪಾ. ಈ ನಾಲ್ಕೂ ಮಂದಿ ಗಂಡಸರ. ಹೆಸರು ಬರದಾರ ನೋಡು."

"ಗಂಡಸರಾ? ಆ ಕೂದಲಾ?"

"ಹ್ಞೂಂ."

"ನಿನ್ನ ಫೋನಿಗೇನು ಗೊತ್ತು? ಅದು ಮೊನ್ನಿ ಹುಟ್ಟೈತಿ" ಎಂದು ಗೋಡೆಯ ಕಡೆ ಹೊರಳಿದ. ಅವತ್ತು ಗಂಜಿ ಮುಟ್ಟಲಿಲ್ಲ.

ನನಗೆ ಒಳಗೊಳಗೇ ಸಮಾಧಾನವಾಯಿತು. ಇಷ್ಟು ವರ್ಷ ನಾನು ಹೊಟ್ಟೆಕಿಚ್ಚು ಪಟ್ಟದ್ದು ಗಡ್ಡ ಹೆರೆಸಿಕೊಂಡ ನಾಲ್ಕು ಗಂಡಸರ ಮೇಲೆ. ಆದರೆ ಮನುಷ್ಯ ಅನ್ನ ಬಿಟ್ಟರೆ ಸಮಾಧಾನವನ್ನು ಏನು ಮಾಡುವುದು? ಖಾದರ್ ಸಾಬರಿಗೆ ಹೇಳಿಕಳಿಸಿದೆ. ಮೊದಲು ನಮ್ಮ ಜೊತೆಗೇ ಕೆಲಸ ಮಾಡುತ್ತಿದ್ದವರು, ಆಮೇಲೆ ಕೊಟ್ಟೂರಿನಲ್ಲಿ ತಮ್ಮದೇ ಮೈಕ್‌ಸೆಟ್ಟು ಇಟ್ಟರು. ನಮ್ಮ ಹಳೆಯ ಯಂತ್ರ ಅವರ ಅಟ್ಟದಲ್ಲೇ ಇತ್ತು. ಬಂದವರು ಫೋನಿನ ಹಾಡನ್ನು ಕೇಳಿ ನಗಲಿಲ್ಲ, ತಲೆ ಕೆರೆದುಕೊಂಡರು.

"ಅಕ್ಕಾರ, ಹಾಡು ಇದ. ತಪ್ಪು ನಮ್ಮ ಮಿಷನ್ನಿಂದು. ದೊಡ್ಡ ಪ್ಲೇಟು ನಿಧಾನ ತಿರುಗಬೇಕು, ಸಣ್ಣ ಪ್ಲೇಟು ಜೋರು. ನಮ್ಮದರ ಕಡ್ಡಿ ಜೋರಿನಾಗ ಸಿಕ್ಕೊಂಡು ಕುಂತಿತ್ತು. ದೊಡ್ಡದನ್ನೂ ಜೋರ ಓಡಸ್ತಿದ್ವಿ. ಓಡೀ ಓಡೀ ಗಂಡಸರು ಹುಡುಗೇರಾಗ್ಯಾರ."

"ಅದನ್ನ ಆಗ ಹೇಳಾಕ ಏನಾಗಿತ್ತು ಸಾಬ್?"

"ಹೇಳಿದ್ರ ನಿಮ್ಮ ಯಜಮಾನ್ರು ಕೇಳ್ತಿದ್ರಾ? ಅವ್ರಿಗೆ ಆ ಹುಡುಗೇರ ಮ್ಯಾಲೆ ಭಾಳ ಜೀವ ಇತ್ತು ಬಿಡ್ರಿ."

ಫೋನಿನಲ್ಲೂ ಜೋರು ಮಾಡಬಹುದು ಎಂದು ಶಾಂತಾ ಒತ್ತಿ ನೋಡಿದಳು. ಗಂಡಸರೇ ಬಸ್ಸು ತಪ್ಪೀತೆಂಬ ಅವಸರದಲ್ಲಿ ಹಾಡಿದರೇ ಹೊರತು ಹುಡುಗಿಯರು ಬರಲಿಲ್ಲ. ಅಂದರೆ ಇವನಿಗೆ ಬೇಕಾದ ಹಾಡು ಆ ತಂಡದವರ ಹತ್ತಿರವೂ ಇಲ್ಲ. ಅವರು ಅದನ್ನು ಹಾಡೇ ಇಲ್ಲ. ಅದು ಇದ್ದದ್ದು ನಮ್ಮ ಕೆಟ್ಟ ಯಂತ್ರದಲ್ಲಿ ಮಾತ್ರ.

ಮರುದಿನ ಸಾಬರು ಯಂತ್ರವನ್ನು ಆಟೋದಲ್ಲಿ ತಂದರು. ಮುಳ್ಳು ಹೊಸದು ಹಾಕಿದ್ದರು, ಸ್ಪೀಕರ್ ಡಬ್ಬಿಯಲ್ಲಿ ದನಿ ಬರುತ್ತಿತ್ತು, ಮೋಟಾರು ಮಾತ್ರ ಸತ್ತಿತ್ತು. ಯಜಮಾನನ ಎದೆಯ ಹಾಗಲ್ಲ, ಪೂರ್ತಿ ಸತ್ತಿತ್ತು. "ಬೆರಳಿಂದ ತಿರುಗಸ್ರಿ ಅಕ್ಕಾರ. ವೈರು ಸುತ್ತಿದ ಕೈ ಐತಿ, ಒಂದ ಸಮ ಬರತೈತಿ" ಎಂದರು. ನಾನು ಬೀಸುಕಲ್ಲಿನ ಮುಂದೆ ಕೂತ ಹಾಗೆ ಕಾಲು ಚಾಚಿ ಕೂತೆ. ಮೊದಲು ದೆವ್ವ ಆಕಳಿಸಿದಂಥ ದನಿ ಬಂತು. ಜೋರು ಮಾಡಿದೆ, ಗಂಡಸರು ಬಂದರು. ಇನ್ನೂ ಜೋರು ಮಾಡಿದೆ. ನೊಣ ಗುಂಯ್ ಎಂದಿತು, ಅದರ ಹಿಂದೆ ಹುಡುಗಿಯರು ಬಂದರು.

ಅವನು ಕಣ್ಣು ಮುಚ್ಚಿದ. ಮಂಚದ ಅಂಚಿನ ಮೇಲೆ ಬೆರಳು ತಾಳ ಹಾಕಿತು. "ಬಂದ್ರು" ಎಂದ. ಅವತ್ತಿನಿಂದ ಹಾಡು ಹಾಕಿದರೆ ಗಂಜಿ, ಇಲ್ಲದಿದ್ದರೆ ಇಲ್ಲ. ನನ್ನ ಭುಜ ಸೋತು ಪ್ಲೇಟು ನಿಧಾನವಾದರೆ ಹುಡುಗಿಯರು ಗಂಡಸರಾಗುತ್ತಿದ್ದರು, ಕೂಡಲೇ ಅವನ ಕಣ್ಣು ತೆರೆಯುತ್ತಿತ್ತು. "ಏ, ಕೈಯಾಗ ಜೀವ ಇಲ್ಲೇನ?" ಎಂದು ಬೈಯುತ್ತಿದ್ದ. ಯಾರ ಜೀವ ಎಲ್ಲಿದೆ ಎಂದು ಕೇಳಬೇಕೆನಿಸುತ್ತಿತ್ತು. ಬೆರಳು ಜೋರು ಮಾಡುತ್ತಿದ್ದೆ. ಅರ್ಧ ಹಾಡಿಗೆ ಅವನಿಗೆ ನಿದ್ದೆ ಹತ್ತುತ್ತಿತ್ತು, ನಾನು ಮುಳ್ಳು ಎತ್ತಿಟ್ಟು ಭುಜಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಅವನ ಬೆರಳು ತಾಳ ಹಾಕುವುದನ್ನು ಬಿಟ್ಟಾಗ ನಾನು ನೋಡಲಿಲ್ಲ. ನನ್ನ ಕಣ್ಣು ಮುಳ್ಳಿನ ಮೇಲಿತ್ತು. ಶಾಂತಾ ಒಳಗಿನಿಂದ ಗಂಜಿ ತಂದವಳು ಬಟ್ಟಲು ಕೆಳಗಿಟ್ಟಳು. ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು.

"ಅವ್ವಾ, ಬಿಡು. ಅಪ್ಪ ಹೋದ."

"ತಡೀಲೇ" ಎಂದೆ. ಕೈ ನಿಲ್ಲಿಸಿದರೆ ದನಿ ಇಳಿದು ಗಂಡಸರದಾಗುತ್ತದೆ. ಕಿವಿ ಯಾವಾಗ ಸಾಯುತ್ತದೆ ಎಂದು ದಾವಣಗೆರೆಯ ಡಾಕ್ಟರು ನನಗೆ ಹೇಳಿರಲಿಲ್ಲ. ತಿರುಗಿಸಿದೆ. ಹೀಗೆ ನಾನು ಎಂದೂ, ಫೋನಿನಲ್ಲೂ, ಕೇಳದ ಕೊನೆಯವರೆಗೆ ಹೋದೆ. ಸಿತಾರು ನಿಂತಿತು. ಡೋಲು ನಿಂತಿತು. ಆಮೇಲೆ ಆ ನಾಲ್ವರೂ ನಕ್ಕರು. ಸಣ್ಣ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗು. ಮುಳ್ಳು ಕೊನೆಯ ಗೆರೆಯಲ್ಲಿ ಸಿಕ್ಕಿಕೊಂಡಿತ್ತು. ನಾನು ತಿರುಗಿಸಿದಷ್ಟೂ ನಕ್ಕರು. ಹಾಡೆಂದು ನೋಡಿದರೆ ಅದೇನೂ ಅಂಥ ಚಂದದ್ದಲ್ಲ. ಇಷ್ಟಕ್ಕಾಗಿ ಇವನು ಇಷ್ಟು ವರ್ಷ ಕಣ್ಣು ಮುಚ್ಚಿಕೊಂಡು ಕೂತನೇ ಎಂದುಕೊಳ್ಳುವಷ್ಟರಲ್ಲಿ ಶಾಂತಾಳ ಅಳು ಕೇಳಿ ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತಿದ್ದರು.

ಗಂಡನ ಹೆಣದ ಮುಂದೆ ಮುದುಕಿ ಕೂತು ನಗುತ್ತಿದ್ದಳು ಎಂದು ಈಗ ಊರೆಲ್ಲ ಮಾತು. ನಗು ಪ್ಲೇಟಿನದು ಎಂದು ನಾನು ಹೇಳುತ್ತೇನೆ. ಖಾದರ್ ಸಾಬರೂ ನಂಬಿ ಎಂದು ಹೇಳುತ್ತಾರೆ. ಪ್ಲೇಟಿನಲ್ಲಿ ನಕ್ಕವರು ನಾಲ್ವರು. ಬಾಗಿಲಲ್ಲಿ ನಿಂತವರು ಐದು ದನಿ ಕೇಳಿತು ಅನ್ನುತ್ತಾರೆ. ನಾನು ಜಗಳಕ್ಕೆ ಹೋಗಿಲ್ಲ. ನಮ್ಮ ಓಣಿಯವರ ಕಿವಿ ಚಲೋ ಇವೆ.